ಮಧ್ಯಮ ದರ್ಜೆಯ ಫೋನ್, ಅಗ್ಗದ ಸಿಮ್: ಮೂರು ವರ್ಷ ದಾಟಿದ ಮೇಲೆ ಬರೆದ ವಿಮರ್ಶೆ

ಈ ವಿಮರ್ಶೆಯಲ್ಲಿ ಫೋನಿನ ಮಾಡೆಲ್ ಹೆಸರಿಲ್ಲ, ಸಿಮ್ ಕಂಪನಿಯ ಹೆಸರೂ ಇಲ್ಲ. ಮೂರು ವರ್ಷದ ಹಿಂದಿನ ಮಾಡೆಲ್ ಈಗ ಹೊಸದಾಗಿ ಸಿಗುವುದೇ ಕಷ್ಟ, ಹೆಸರು ಹೇಳಿ ಯಾರಿಗೆ ಪ್ರಯೋಜನ? ದುಬಾರಿಯೂ ಅಲ್ಲದ, ತೀರಾ ಕಳಪೆಯೂ ಅಲ್ಲದ ಒಂದು ಆಂಡ್ರಾಯ್ಡ್ ಫೋನ್. ಅದರೊಳಗೆ ಸ್ವಂತ ಟವರ್ ಇಲ್ಲದ ಸಣ್ಣ ಕಂಪನಿಯ ಅಗ್ಗದ ಸಿಮ್. ಇವೆರಡನ್ನೂ ಒಟ್ಟಿಗೆ ಇಷ್ಟು ಕಾಲ ಬಳಸಿದಾಗ ಯಾವುದು ಬಾಳಿಕೆ ಬಂತು, ಯಾವುದು ಕೈಕೊಟ್ಟಿತು ಅನ್ನುವುದಷ್ಟೇ ಇಲ್ಲಿನ ವಿಷಯ. ಡಬ್ಬಿ ಒಡೆದ ವಾರದಲ್ಲೇ ಬರೆಯುವ ವಿಮರ್ಶೆಗಳಲ್ಲಿ ಇದು ಬರುವುದಿಲ್ಲ, ಬರಲಿಕ್ಕೆ ಸಾಧ್ಯವೂ ಇಲ್ಲ.

ಅಂಕ ಬೇಕೆನ್ನುವವರಿಗೆ: ಪ್ಲಾನಿಗೆ ಐದಕ್ಕೆ ನಾಲ್ಕು, ಫೋನಿಗೆ ಮೂರೂವರೆ.

ಸಾಮಾನ್ಯವಾಗಿ ಎಲ್ಲರೂ ಫೋನ್ ಮೊದಲು ಆರಿಸಿ, ಇದ್ದ ಸಿಮ್ಮನ್ನೇ ಅದರೊಳಗೆ ಹಾಕಿಕೊಳ್ಳುತ್ತಾರೆ. ನಾನು ಉಲ್ಟಾ ಹೋದೆ. ಹಳೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪುಟ ತೆಗೆದು, ವೈ-ಫೈ ಬಿಟ್ಟು ಬರೀ ಮೊಬೈಲ್ ಡೇಟಾ ತಿಂಗಳಿಗೆ ಎಷ್ಟು ಹೋಗುತ್ತಿದೆ ಎಂದು ನೋಡಿದೆ. ಕಟ್ಟುತ್ತಿದ್ದ ಪ್ಲಾನಿನ ಕಾಲು ಭಾಗವೂ ಖರ್ಚಾಗುತ್ತಿರಲಿಲ್ಲ. ಅದೇ ಪುಟದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಪಟ್ಟಿಯೂ ಇರುತ್ತದೆ. ಬಹುತೇಕ ಎಲ್ಲರ ಪಟ್ಟಿಯಲ್ಲೂ ಮೇಲೆ ಕೂತಿರುವುದು ವಿಡಿಯೊ. ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿವರೆಗೂ ನುಂಗಬಹುದು. ಸಾಧಾರಣ ಗುಣಮಟ್ಟಕ್ಕೆ ಇಳಿಸಿದರೆ 1 ಜಿಬಿಯೂ ಬೇಡ. ಮ್ಯಾಪ್, ಮೆಸೇಜು, ಇಮೇಲ್ ಎಲ್ಲ ಇದರ ಮುಂದೆ ಚಿಲ್ಲರೆ ಲೆಕ್ಕ. ಮನೆಯಲ್ಲಿ, ಕಚೇರಿಯಲ್ಲಿ ವೈ-ಫೈ ಇದ್ದು, ದಾರಿಯಲ್ಲಿ ವಿಡಿಯೊ ನೋಡದವರಿಗೆ ದೊಡ್ಡ ಡೇಟಾ ಪ್ಲಾನ್ ಯಾಕೆ ಬೇಕು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಮೇಲಿನ ಪ್ರಶ್ನೆ, ಯಾರ ನೆಟ್‌ವರ್ಕ್? ಕಂಪನಿಗಳ ಕವರೇಜ್ ನಕ್ಷೆಯಲ್ಲಿ ಎಲ್ಲ ಕಡೆಯೂ ಬಣ್ಣ ಬಳಿದಿರುತ್ತದೆ. ಅದು ಬಯಲಿನ ಲೆಕ್ಕ. ನಾವು ಕೂರುವುದು ಗೋಡೆಗಳ ಮಧ್ಯೆ. 700, 800, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಾಂತರಗಳು ದೂರ ಹೋಗುತ್ತವೆ, ಗೋಡೆ ದಾಟಿ ಒಳಗೂ ಬರುತ್ತವೆ. 2600 ಅಥವಾ 3500 ಮೆಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಆದರೆ ಒಳಕೋಣೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತವೆ. ಹಾಗಾಗಿ ಬೀದಿಯಲ್ಲಿ ನಿಂತು 5ಜಿ ಸ್ಪೀಡ್ ಟೆಸ್ಟ್ ಮಾಡಿ ಸಿಮ್ ಆರಿಸುವುದು ನನಗೆ ಸರಿ ಕಾಣುವುದಿಲ್ಲ.

ಅದಕ್ಕಿಂತ ಒಳ್ಳೆಯ ದಾರಿ ಇದೆ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಯಲರ್ ತೆರೆದು *#*#4636#*#* ಒತ್ತಿದರೆ ಫೋನಿನ ಮಾಹಿತಿ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಸಿಗ್ನಲ್ಲಿನ ಬಲ ಡಿಬಿಎಂ ಎಂಬ ಡೆಸಿಬೆಲ್ ಅಳತೆಯಲ್ಲಿ, ಮೈನಸ್ ಸಂಖ್ಯೆಯಾಗಿ ಕಾಣುತ್ತದೆ. ಮೈನಸ್ 80ರ ಆಸುಪಾಸು ಇದ್ದರೆ ಸೊಗಸು, ಮೈನಸ್ 110 ಅಂದರೆ ದುರ್ಬಲ, 120ಕ್ಕೆ ಇಳಿದರೆ ಕರೆ ಯಾವಾಗ ಬೇಕಾದರೂ ಕಡಿಯಬಹುದು. ತೆರೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದು ಎಲ್ಲ ಫೋನ್‌ಗಳಲ್ಲೂ ಒಂದೇ ಅಲ್ಲ. ಒಂದು ಸಣ್ಣ ಪ್ರೀಪೇಯ್ಡ್ ಸಿಮ್ ಹಾಕಿಕೊಂಡು ಮಲಗುವ ಕೋಣೆ, ಕೆಲಸದ ಮೇಜು, ಲಿಫ್ಟಿನ ಬಾಗಿಲು, ನೆಲಮಾಳಿಗೆ ಇಷ್ಟು ಜಾಗಗಳಲ್ಲಿ ಈ ಸಂಖ್ಯೆ ನೋಡಿಕೊಂಡರೆ ಯಾವ ಜಾಹೀರಾತೂ ಬೇಡ. ನನ್ನ ಮೇಜಿನ ಹತ್ತಿರ ಎರಡು ನೆಟ್‌ವರ್ಕ್‌ಗಳ ನಡುವೆ 20 ಡೆಸಿಬೆಲ್‌ಗೂ ಹೆಚ್ಚು ವ್ಯತ್ಯಾಸವಿತ್ತು. ಡೆಸಿಬೆಲ್ ಲೆಕ್ಕದಲ್ಲಿ 20 ಅಂದರೆ ನೂರು ಪಟ್ಟು. ಅಲ್ಲಿಗೆ ನನ್ನ ಆಯ್ಕೆ ಮುಗಿಯಿತು.

ನೆಟ್‌ವರ್ಕ್ ಗೊತ್ತಾದ ಮೇಲೆ ಅದರ ಟವರ್‌ಗಳನ್ನೇ ಬಾಡಿಗೆಗೆ ಪಡೆದು ಸೇವೆ ಕೊಡುವ ಸಣ್ಣ ಕಂಪನಿಗಳನ್ನು ಹುಡುಕಿದೆ. ಇವಕ್ಕೆ ಎಂವಿಎನ್‌ಒ ಎನ್ನುತ್ತಾರೆ. ಅದೇ ಟವರ್, ಅದೇ ಸಿಗ್ನಲ್, ಬಿಲ್ ಮಾತ್ರ ಕಡಿಮೆ. ಹಾಗಾದರೆ ಎಲ್ಲಿ ಉಳಿಸುತ್ತಾರೆ? ಮಳಿಗೆ ಇರುವುದಿಲ್ಲ, ಜಾಹೀರಾತು ಕಡಿಮೆ, ಗ್ರಾಹಕ ಸೇವೆ ಬರೀ ಚಾಟ್. ಇನ್ನೊಂದು ಕಡಿತ ಕಣ್ಣಿಗೆ ಬೀಳುವುದಿಲ್ಲ: ಸರದಿ. 4ಜಿಯಲ್ಲಿ ಪ್ರತಿ ಸಂಪರ್ಕಕ್ಕೂ ಕ್ಯೂಸಿಐ ಎಂಬ ದರ್ಜೆ ಇರುತ್ತದೆ. ಮೂಲ ಮಾನದಂಡದಲ್ಲಿ 1ರಿಂದ 9ರವರೆಗೆ ದರ್ಜೆಗಳಿದ್ದು, ಆದ್ಯತೆಯಲ್ಲಿ 9 ಎಲ್ಲಕ್ಕಿಂತ ಹಿಂದೆ. ಟವರ್ ಖಾಲಿ ಇದ್ದಾಗ ನಿಮ್ಮ ದರ್ಜೆ ಯಾವುದಾದರೂ ವ್ಯತ್ಯಾಸ ತಿಳಿಯುವುದಿಲ್ಲ. ಜನ ತುಂಬಿದಾಗ ಮಾತ್ರ ಹೆಚ್ಚು ಕಟ್ಟುವ ಗಿರಾಕಿಗಳ ಡೇಟಾ ಮುಂದೆ ಹೋಗಿ, ಅಗ್ಗದ ಪ್ಲಾನಿನವರದು ಬಾಗಿಲಲ್ಲೇ ಕಾಯುತ್ತದೆ.

ಇದು ದಿನನಿತ್ಯದಲ್ಲಿ ಎಷ್ಟು ಕಾಡುತ್ತದೆ? ಬೆಳಿಗ್ಗೆಯಿಂದ ಸಂಜೆವರೆಗೆ ನನಗೆ ಗೊತ್ತೇ ಆಗಿಲ್ಲ. ಕ್ರೀಡಾಂಗಣ, ಸಂಜೆಯ ರೈಲು ನಿಲ್ದಾಣ, ದೊಡ್ಡ ಸಮಾರಂಭ, ಇಂಥ ಕಡೆ ಮಾತ್ರ ತೆರೆಯ ಮೇಲೆ ಸಿಗ್ನಲ್ ತುಂಬಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಪಕ್ಕದಲ್ಲಿ ಅದೇ ನೆಟ್‌ವರ್ಕ್‌ನ ಮೂಲ ಕಂಪನಿಯ ಸಿಮ್ ಇದ್ದವರು ಫೋಟೊ ಕಳಿಸುತ್ತಿರುತ್ತಾರೆ. ಕರೆಗಳಿಗೆ ಈ ತೊಂದರೆ ಆಗಲಿಲ್ಲ, ಏಕೆಂದರೆ ವೋಲ್ಟಿ, ಅಂದರೆ 4ಜಿ ಮೂಲಕವೇ ಹೋಗುವ ಕರೆಯ ಧ್ವನಿಗೆ ಬೇರೆಯದೇ ದರ್ಜೆ ಇದೆ. ಟಿಕೆಟ್ಟನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಅಭ್ಯಾಸವಾಯಿತು, ಅಷ್ಟೆ. ತಿಂಗಳು ತಿಂಗಳು ಉಳಿಯುವ ಹಣಕ್ಕೆ ಇದು ನನಗೆ ಒಪ್ಪಿಗೆಯಾದ ವ್ಯವಹಾರ. ದಿನವೂ ಜನಜಂಗುಳಿಯಲ್ಲೇ ಕೆಲಸ ಮಾಡುವವರು, ಫೋನಿನಿಂದಲೇ ನೇರಪ್ರಸಾರ ಮಾಡುವವರು ಈ ಕಡೆ ಬರಬೇಡಿ.

ಪ್ಲಾನ್ ಓದುವಾಗ ನಾನು ನೋಡುವುದು ಎರಡೇ ಸಾಲು. ಒಂದು, ಮಿತಿ ಮುಗಿದ ಮೇಲೆ ಎಷ್ಟು ವೇಗ. ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲೂ ಒಂದು ಹಂತದ ಮೇಲೆ ವೇಗ ಇಳಿಸುವವರೇ ಹೆಚ್ಚು, ಕೆಲವರಂತೂ 64 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ಗೆ. ಲೆಕ್ಕ ಹಾಕಿ: 1 ಎಂಬಿ ಅಂದರೆ 8,000 ಕಿಲೋಬಿಟ್, ಅದನ್ನು 64ರಿಂದ ಭಾಗಿಸಿದರೆ 125 ಸೆಕೆಂಡು. ಒಂದು ಸಾಧಾರಣ ಫೋಟೊ ಬರಲು ಎರಡು ನಿಮಿಷಕ್ಕೂ ಮೇಲೆ. ಬರೀ ಅಕ್ಷರದ ಮೆಸೇಜು ಹೋಗುತ್ತದೆ, ಮ್ಯಾಪಿನ ಚೌಕಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ವಿಡಿಯೊ ಮಾತು ಬಿಡಿ. ಅದೇ 1 ಎಂಬಿಪಿಎಸ್‌ಗೆ (ಸೆಕೆಂಡಿಗೆ 1,000 ಕಿಲೋಬಿಟ್) ಇಳಿಸುವ ಪ್ಲಾನ್ ಆದರೆ ಹಾಡು, ಮ್ಯಾಪ್, ಕಡಿಮೆ ಗುಣಮಟ್ಟದ ವಿಡಿಯೊ ಎಲ್ಲವೂ ನಡೆದುಹೋಗುತ್ತದೆ. ಹಾಗಾಗಿ ಎಷ್ಟು ಜಿಬಿ ಎಂಬುದಕ್ಕಿಂತ ಈ ಸಾಲೇ ನನಗೆ ಮುಖ್ಯ. ಎರಡು, ತಿಂಗಳು ಅಂದರೆ ಎಷ್ಟು ದಿನ. 28 ದಿನದ ಪ್ಲಾನ್ ಆದರೆ ವರ್ಷಕ್ಕೆ 12 ಅಲ್ಲ, 13 ಸಲ ಹಣ ಹೋಗುತ್ತದೆ. ಬೆಲೆಗಳನ್ನು ಹೋಲಿಸುವ ಮುಂಚೆ ಎಲ್ಲವನ್ನೂ ವರ್ಷದ ಮೊತ್ತಕ್ಕೆ ತಂದುಕೊಳ್ಳಿ.

ಕಂತಿನ ಮೇಲೆ ಫೋನ್ ಕೊಡುವ ಒಪ್ಪಂದಗಳನ್ನೂ ಹೀಗೇ ಅಳೆಯಬೇಕು. ಫೋನ್ ಉಚಿತ ಎಂದು ಕಂಡರೂ 24 ಅಥವಾ 36 ತಿಂಗಳ ದುಬಾರಿ ಪ್ಲಾನಿಗೆ ಕಟ್ಟಿಹಾಕಿರುತ್ತಾರೆ, ಮೇಲಿಂದ ಆ ಫೋನ್ ಬೇರೆ ಸಿಮ್ ತೆಗೆದುಕೊಳ್ಳದಂತೆ ಲಾಕ್. ಪೂರ್ತಿ ಅವಧಿಯ ಮೊತ್ತ ಒಂದು ಕಡೆ, ಫೋನಿನ ನಗದು ಬೆಲೆ ಮತ್ತು ಅಗ್ಗದ ಸಿಮ್ಮಿನ ಅಷ್ಟೇ ತಿಂಗಳ ಖರ್ಚು ಇನ್ನೊಂದು ಕಡೆ ಬರೆದು ನೋಡಿದೆ. ನನ್ನ ವಿಷಯದಲ್ಲಿ ಎರಡನೆಯದು ಗೆದ್ದಿತು, ಅದೂ ದೊಡ್ಡ ಅಂತರದಲ್ಲಿ.

ಇನ್ನು ಫೋನ್. ಪ್ರೊಸೆಸರ್, ಕ್ಯಾಮೆರಾ ಬಗ್ಗೆ ಜನ ಪುಟಗಟ್ಟಲೆ ಬರೆಯುತ್ತಾರೆ, ಬ್ಯಾಂಡ್ ಪಟ್ಟಿಯ, ಅಂದರೆ ಫೋನ್ ಯಾವ ಯಾವ ತರಂಗಾಂತರ ಹಿಡಿಯಬಲ್ಲದು ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಒಂದೇ ಹೆಸರಿನ ಫೋನಿಗೆ ಬೇರೆ ಬೇರೆ ಮಾರುಕಟ್ಟೆಗಳಲ್ಲಿ ಬೇರೆ ಮಾಡೆಲ್ ಸಂಖ್ಯೆ ಇರುತ್ತದೆ, ಒಳಗಿನ ಬ್ಯಾಂಡ್‌ಗಳೂ ಬೇರೆ. ಬೇರೆ ದೇಶದಿಂದ ಅಗ್ಗವಾಗಿ ತರಿಸಿದ ಫೋನಿನಲ್ಲಿ ನಿಮ್ಮ ನೆಟ್‌ವರ್ಕ್ ನೆಚ್ಚಿಕೊಂಡಿರುವ ಕೆಳತರಂಗದ ಬ್ಯಾಂಡೇ ಇಲ್ಲದಿರಬಹುದು. ಆಗ ಬೀದಿಯಲ್ಲಿ ಸಿಗುವ ಸಿಗ್ನಲ್ ಹೊಸಿಲು ದಾಟುವುದಿಲ್ಲ. ನನ್ನ ನೆಟ್‌ವರ್ಕ್ ಮನೆಯೊಳಗೆ ತಲುಪುವುದು ಬ್ಯಾಂಡ್ 28ರಲ್ಲಿ, ಅಂದರೆ 700 ಮೆಗಾಹರ್ಟ್ಸ್. ಹಾಗಾಗಿ ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ಪುಟದಲ್ಲಿ 28 ಇದೆಯೇ ಎಂದು ನೋಡಿಯೇ ಕೊಂಡೆ.

ವೋಲ್ಟಿ ವಿಷಯ ಇನ್ನೂ ಸೂಕ್ಷ್ಮ. 3ಜಿ ಮುಚ್ಚಿದ ಕಡೆಗಳಲ್ಲಿ ಕರೆ 4ಜಿ ಮೂಲಕವೇ ಹೋಗಬೇಕು, ಮತ್ತು ಫೋನಿನಲ್ಲಿ ಆ ಸೌಲಭ್ಯ ಇದ್ದರೂ ನೆಟ್‌ವರ್ಕ್ ಆ ಮಾಡೆಲ್ಲನ್ನು ಒಪ್ಪಿರಬೇಕು. ಅಮೆರಿಕದ ಮೂರೂ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್‌ನಲ್ಲಿ 3ಜಿ ಕೊನೆಗೊಂಡಾಗ, 4ಜಿ ಇದ್ದೂ ತುರ್ತು ಕರೆಯನ್ನು ಅದರ ಮೂಲಕ ಮಾಡಲಾಗದ ಫೋನ್‌ಗಳನ್ನು ನೆಟ್‌ವರ್ಕ್‌ನಿಂದಲೇ ಹೊರಗಿಟ್ಟರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲು ವಿಚಾರಿಸಿ. *#06# ಒತ್ತಿದರೆ ಬರುವ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಕೊಟ್ಟರೆ ಆ ಫೋನ್ ತಮ್ಮಲ್ಲಿ ನಡೆಯುತ್ತದೋ ಇಲ್ಲವೋ ಎಂದು ಹೇಳುವ ನೆಟ್‌ವರ್ಕ್‌ಗಳಿವೆ.

ಕ್ಯಾಮೆರಾ ಹಗಲಿನಲ್ಲಿ ಚೆನ್ನ, ರಾತ್ರಿ ಸುಮಾರು. 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೊ ಲೆನ್ಸ್ ಲೆಕ್ಕ ತುಂಬಿಸಲು ಇದೆ. ನೀರಿನ ವಿಷಯದಲ್ಲಿ ಮಳೆ ಹನಿಗೆ ಏನೂ ಆಗಿಲ್ಲ, ಅದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿಲ್ಲ.

ವೇಗ ಉಳಿದಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ಉಳಿದಿದೆ, ಮತ್ತು ಅದರ ದೊಡ್ಡ ಪಾಲು ಆ್ಯಪ್, ಫೋಟೊ ಕೂರುವ ಮೆಮೊರಿಗೆ, ಅಂದರೆ ಸ್ಟೋರೇಜಿಗೆ ಸಲ್ಲಬೇಕು ಎಂಬುದು ನನ್ನ ಅನಿಸಿಕೆ. ಅಗ್ಗದ ಫೋನ್‌ಗಳಲ್ಲಿ ಹಾಕುವ ಇಎಂಎಂಸಿ ಬಗೆಯ ಮೆಮೊರಿ ಒಂದು ಸಲಕ್ಕೆ ಓದಬಲ್ಲದು ಅಥವಾ ಬರೆಯಬಲ್ಲದು; ಯುಎಫ್‌ಎಸ್ ಬಗೆಯದು ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹಿನ್ನೆಲೆಯಲ್ಲಿ ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುವಾಗ ಕರೆ ಬಂದರೆ ತೆರೆ ಹೆಪ್ಪುಗಟ್ಟುತ್ತದೆಯೋ ಇಲ್ಲವೋ ಎಂಬಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಡಬ್ಬಿಯ ಮೇಲೆ 8+8 ಜಿಬಿ ರ‍್ಯಾಮ್ ಎಂದು ಬರೆದಿದ್ದರೆ ಎರಡನೆಯ 8ನ್ನು ಮರೆತುಬಿಡಿ. ಅದು ಸ್ಟೋರೇಜಿನಿಂದ ಕಡ ತೆಗೆದ ಜಾಗ, ರ‍್ಯಾಮ್ ಅಲ್ಲ.

ಬ್ಯಾಟರಿ ಮೊದಲ ಎರಡು ವರ್ಷ ದಿನವಿಡೀ ಬಂತು. ಈಗ ಸಂಜೆಯಾಗುತ್ತಲೇ ಚಾರ್ಜರ್ ನೆನಪಾಗುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಯ ಸ್ವಭಾವವೇ ಅದು, ಚಾರ್ಜ್ ಸುತ್ತುಗಳು ಏರಿದಂತೆ ಸಾಮರ್ಥ್ಯ ಇಳಿಯುತ್ತದೆ. ಆ್ಯಪಲ್ ತನ್ನ ಐಫೋನ್ 14ರವರೆಗಿನ ಬ್ಯಾಟರಿಗಳು 500 ಸುತ್ತಿನ ನಂತರ, 15ರ ಸರಣಿಯವು 1,000 ಸುತ್ತಿನ ನಂತರ ಶೇ 80 ಉಳಿಸಿಕೊಳ್ಳುವಂತೆ ಮಾಡಿದ್ದೇವೆ ಎನ್ನುತ್ತದೆ. ಯುರೋಪಿನ ಒಕ್ಕೂಟ 2025ರ ಜೂನ್‌ನಿಂದ ಅಲ್ಲಿ ಮಾರುವ ಹೊಸ ಫೋನ್‌ಗಳಿಗೆ 800 ಸುತ್ತಿನ ನಂತರವೂ ಶೇ 80 ಇರಲೇಬೇಕೆಂದು ನಿಯಮ ಮಾಡಿದೆ. ನನ್ನದು ಇದಕ್ಕಿಂತ ಹಳೆಯ ಕಾಲದ್ದು. ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆಯೂ ಅದರಲ್ಲಿಲ್ಲ.

ಫೋನಿನ ಅಂಕ ಕತ್ತರಿಸಿದ್ದು ಬ್ಯಾಟರಿಗಾಗಿ ಅಲ್ಲ, ಅಪ್‌ಡೇಟ್‌ಗಾಗಿ. ಮೊದಲ ವರ್ಷ ಭದ್ರತಾ ಅಪ್‌ಡೇಟ್ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬರುತ್ತಿತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ, ಈಗ ಯಾವಾಗ ಬರುತ್ತದೋ ಬರಲಿ ಅನ್ನುವ ಸ್ಥಿತಿ. ಕಂಪನಿ ಒಟ್ಟು ನಾಲ್ಕು ವರ್ಷ ಕೊಡುವುದಾಗಿ ಹೇಳಿತ್ತು. ಆ ನಾಲ್ಕು ವರ್ಷ ಶುರುವಾಗುವುದು ಫೋನ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ರಿಯಾಯಿತಿಯಲ್ಲಿ ಹಳೆ ಮಾಡೆಲ್ ಕೊಳ್ಳುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಎಸ್24 ಸರಣಿಗೆ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟವು. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16ಕ್ಕೂ ಆರು ವರ್ಷ ಇದೆ. ಫೋನಿನ ಬೆಲೆಯನ್ನು ಉಳಿದ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ ನೋಡಿದರೆ ಅಗ್ಗ ಯಾವುದು, ತುಟ್ಟಿ ಯಾವುದು ಎಂಬ ಪಟ್ಟಿ ಎಷ್ಟೋ ಸಲ ತಲೆಕೆಳಗಾಗುತ್ತದೆ.

ಪ್ಲಾನಿನ ಒಂದು ಅಂಕ ಹೋದದ್ದು ಇ-ಸಿಮ್ ದೆಸೆಯಿಂದ, ಅಂದರೆ ಪ್ಲಾಸ್ಟಿಕ್ ತುಂಡಿಲ್ಲದೆ ಫೋನಿನೊಳಗೇ ಕೂರುವ ಸಿಮ್. ನನ್ನದು ಆಗ ಅದೇ. ಫೋನ್ ದುರಸ್ತಿಗೆ ಕೊಡುವ ಮುಂಚೆ ಸಂಖ್ಯೆಯನ್ನು ಇನ್ನೊಂದು ಫೋನಿಗೆ ದಾಟಿಸಬೇಕಿತ್ತು. ಸಾಮಾನ್ಯ ಸಿಮ್ ಆಗಿದ್ದರೆ ಪಿನ್ ಚುಚ್ಚಿ ತೆಗೆದು ಹಾಕುವಷ್ಟೇ ಕೆಲಸ. ಇಲ್ಲಿ ಚಾಟ್‌ನಲ್ಲಿ ಹೊಸ ಕ್ಯೂಆರ್ ಕೋಡ್ ಕೇಳಬೇಕು, ಗುರುತು ಖಚಿತಪಡಿಸಲು ಅವರು ಒಟಿಪಿ ಕಳಿಸುವುದು ಅದೇ ಸಂಖ್ಯೆಗೆ, ಆ ಫೋನಿನ ತೆರೆಯೋ ಕಪ್ಪಾಗಿ ಕೂತಿದೆ. ಬಗೆಹರಿಯಲು ಎರಡು ದಿನ ಹಿಡಿಯಿತು. ಮಳಿಗೆ ಇಲ್ಲದ ಕಂಪನಿಯ ಬೆಲೆ ಏನೆಂದು ಆವಾಗ ತಿಳಿಯುತ್ತದೆ. ಬ್ಯಾಂಕಿನ ಸಂದೇಶ ಬರುವ ಸಂಖ್ಯೆಯನ್ನು ಪ್ಲಾಸ್ಟಿಕ್ ಸಿಮ್‌ನಲ್ಲೇ ಇಟ್ಟುಕೊಂಡು, ಎರಡನೆಯ ಸಂಖ್ಯೆಗೋ ಪ್ರವಾಸದ ಡೇಟಾಗೋ ಇ-ಸಿಮ್ ಬಳಸುವುದು ವಾಸಿ. ನಾನು ಕೇಳಿದ ಮೇಲೆ ಅವರು ತಕರಾರಿಲ್ಲದೆ ಪ್ಲಾಸ್ಟಿಕ್ ಸಿಮ್ ಕಳಿಸಿಕೊಟ್ಟರು, ಅದನ್ನೂ ಹೇಳಬೇಕು.

ಬ್ಯಾಟರಿ ಹೊಸದು ಹಾಕಿಸಬೇಕೇ ಎಂದು ಯೋಚಿಸಿ ಬಿಟ್ಟುಬಿಟ್ಟೆ. ಅಪ್‌ಡೇಟ್ ಮುಗಿಯಲು ವರ್ಷವೂ ಉಳಿದಿಲ್ಲ, ಬ್ಯಾಂಕಿನ ಆ್ಯಪ್ ಇರುವ ಫೋನನ್ನು ಅದರಾಚೆ ಎಳೆಯುವ ಧೈರ್ಯ ನನಗಿಲ್ಲ. ಸಿಮ್ ಇದೇ ಮುಂದುವರಿಯುತ್ತದೆ. ಮುಂದಿನ ಫೋನಿಗೆ ಕನಿಷ್ಠ ಆರು ವರ್ಷದ ಅಪ್‌ಡೇಟ್, ಯುಎಫ್‌ಎಸ್ ಮೆಮೊರಿ, ಬ್ಯಾಂಡ್ 28 ಇರಲೇಬೇಕು. ಮಿಕ್ಕಿದ್ದು ಆ ದಿನದ ರಿಯಾಯಿತಿ ನೋಡಿಕೊಂಡು.