ಕೊಟ್ಟಿಗೆಯ ರಬ್ಬರ್ ಮ್ಯಾಟ್: ಕೊಳ್ಳಿ, ಆದರೆ ಮೊದಲು ಹಗ್ಗ ಬಿಚ್ಚಿ

ಹಸುವಿನ ಕೆಳಗೆ ಹಾಸುವ ರಬ್ಬರ್ ಮ್ಯಾಟ್ ತೆಗೆದುಕೊಳ್ಳಬಹುದೇ ಎಂದು ಡೇರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರು ನನ್ನನ್ನು ಆಗಾಗ ಕೇಳುತ್ತಾರೆ. ನಾಗಮಂಗಲ ತಾಲ್ಲೂಕಿನ ನಮ್ಮ ಊರಿನಲ್ಲಿ ಅದನ್ನು ಮೊದಲಿಗೆ ಹಾಕಿಸಿದವರಲ್ಲಿ ನಾವೂ ಸೇರಿದ್ದೇವೆ. ಬೇಸಿಗೆ, ಮಳೆಗಾಲ ಎರಡನ್ನೂ ಅದರ ಮೇಲೆ ಕಳೆದಾಗಿದೆ. ಸಾಲಿನಲ್ಲಿ ನಿಂತು ಹೇಳುವಷ್ಟು ಚಿಕ್ಕ ಉತ್ತರ ಇದಕ್ಕಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾವು ತಂದದ್ದು 7 ಅಡಿ ಉದ್ದ, 4 ಅಡಿ ಅಗಲದ ಕಪ್ಪು ರಬ್ಬರ್ ಹಾಸು. ಹೆಬ್ಬೆರಳಿನಷ್ಟು ದಪ್ಪ. ಮೇಲುಗಡೆ ಗೊರಸು ಜಾರದಂತೆ ಉಬ್ಬು ಅಚ್ಚು, ಕೆಳಗಡೆ ನೀರು ಹರಿಯಲು ಉದ್ದುದ್ದ ಗೀರು. ಸಾಗಣೆ ಸೇರಿ ಒಂದೊಂದಕ್ಕೂ ಎರಡೂವರೆ ಸಾವಿರ ರೂಪಾಯಿಯ ಮೇಲಾಯಿತು. ನಮ್ಮ ಮನೆಯಲ್ಲಿ ಕರೆಯುವ ಹಸು ನಾಲ್ಕು: ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ), ಒಂದು ಜರ್ಸಿ. ಹಾಗಾಗಿ ನಾಲ್ಕು ಮ್ಯಾಟ್. ಹಾಲು ಒಕ್ಕೂಟದಿಂದಲೋ ಪಶುಪಾಲನಾ ಇಲಾಖೆಯಿಂದಲೋ ಸಹಾಯಧನದಲ್ಲಿ ಸಿಗುವ ಕಾಲವೂ ಇರುತ್ತದೆ. ಪೂರ್ತಿ ದುಡ್ಡು ಕೊಡುವ ಮೊದಲು ಡೇರಿ ಕಾರ್ಯದರ್ಶಿಯನ್ನೂ ಪಶು ಆಸ್ಪತ್ರೆಯನ್ನೂ ವಿಚಾರಿಸಿಕೊಳ್ಳಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನಮ್ಮ ಕಡೆಯ ಹಳೆಯ ಕೊಟ್ಟಿಗೆಗಳಿಗೆಲ್ಲ ಚಪ್ಪಡಿ ಕಲ್ಲಿನ ನೆಲ. ಈಚಿನವಕ್ಕೆ ಸಿಮೆಂಟ್. ಹಸು ಏಳುವುದನ್ನು ಗಮನಿಸಿ ನೋಡಿದವರಿಗೆ ಆ ನೆಲ ಏನು ಮಾಡುತ್ತದೆ ಎಂದು ಗೊತ್ತು. ಅದು ಮುಂಗಾಲಿನ ಮಂಡಿ ಊರಿ, ಮೈಯನ್ನು ಮುಂದಕ್ಕೆ ತೂಗಿ, ಹಿಂಭಾಗವನ್ನು ಮೊದಲು ಎತ್ತುತ್ತದೆ. ಅಷ್ಟು ಹೊತ್ತೂ ನಾಲ್ಕುನೂರು ಕಿಲೋ ಮೈಯ ಬಹುಪಾಲು ಭಾರ ಎರಡು ಮಂಡಿಗಳ ಮೇಲೆ. ಕಲ್ಲಿನ ಮೇಲೆ ದಿನವೂ ಹೀಗೆ ಎದ್ದು ಕುಳಿತು ನಮ್ಮ ಚುಕ್ಕಿಗೆ ಎರಡೂ ಮಂಡಿಯ ಕೂದಲು ಉದುರಿ, ಚರ್ಮ ದಪ್ಪಗಟ್ಟಿ, ಬಲಗಾಲಿನದು ನಿಂಬೆಹಣ್ಣಿನ ಗಾತ್ರ ಊದಿತ್ತು. ಮ್ಯಾಟ್ ಹಾಕಿದ ಮೇಲೆ ಗಾಯ ಒಣಗಿತು, ಊತ ಇಳಿಯಿತು, ಕೂದಲು ಮತ್ತೆ ಬಂತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇರೆ ಯಾವ ಗುಣವೂ ಇಲ್ಲದಿದ್ದರೂ ಇದೊಂದಕ್ಕೇ ನಾನು ಮ್ಯಾಟಿನ ಪರ ನಿಲ್ಲುತ್ತೇನೆ.

ಎರಡನೆಯದು ಮಲಗುವುದು. ಹಾಲು ಕೊಡುವ ಹಸು ದಿನದ 24 ಗಂಟೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಲಗಿರಬೇಕು. ಮಲಗಿದಾಗಲೇ ಹಾಯಾಗಿ ಮೆಲುಕು ಹಾಕುವುದು, ಮಲಗಿದಾಗಲೇ ಕೆಚ್ಚಲಿಗೆ ರಕ್ತ ಚೆನ್ನಾಗಿ ಹರಿಯುವುದು, ಗೊರಸಿಗೆ ಬಿಡುವು ಸಿಗುವುದು. ನೆಲ ಜಾರುತ್ತದೆ, ಮಂಡಿ ನೋಯುತ್ತದೆ ಎಂದು ಗೊತ್ತಿರುವ ಹಸು ಮಲಗಲು ಹೆದರುತ್ತದೆ. ನೆಲವನ್ನು ಮೂಸುತ್ತದೆ, ಮುಂಗಾಲು ಮಡಿಸಲು ಹೋಗಿ ಬಿಡುತ್ತದೆ, ಮತ್ತೆ ನಿಂತೇ ಇರುತ್ತದೆ. ಮ್ಯಾಟಿನ ಮೇಲೆ ಈ ಅನುಮಾನ ಕಡಿಮೆಯಾಯಿತು. ಹೊಸ ರಬ್ಬರಿನ ನಾತಕ್ಕೆ ಮೊದಲ ರಾತ್ರಿ ಯಾವ ಹಸುವೂ ಅದರ ಮೇಲೆ ಕೂರಲಿಲ್ಲ. ಬಿಸಿಲಿಗೆ ಹಾಕಿ ತೊಳೆದು ತಂದ ಮೇಲೆ ಹೊಂದಿಕೊಂಡವು.

ಇನ್ನು ಮಾರುವವರು ಹೇಳುವ ಮಾತು. ಮ್ಯಾಟ್ ಹಾಕಿದರೆ ಹಸುವಿಗೆ ಒಂದು ಲೀಟರ್ ಹಾಲು ಹೆಚ್ಚುತ್ತದೆ ಎಂದು ನಮಗೂ ಹೇಳಿದ್ದರು. ನಮ್ಮ ಡೇರಿ ಪುಸ್ತಕದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಮೇವು, ನೀರು, ಸೂಲು, ಸೆಕೆ ಇವು ಹಾಲನ್ನು ಏರಿಸಿ ಇಳಿಸುವಾಗ ಮ್ಯಾಟಿನ ಪಾಲು ಇಷ್ಟೇ ಎಂದು ಬೇರ್ಪಡಿಸಿ ತೋರಿಸಲು ಯಾವ ಮಾರಾಟಗಾರನಿಗೂ ಆಗುವುದಿಲ್ಲ. ಆ ಮಾತನ್ನು ನಂಬಿ ಲೆಕ್ಕ ಹಾಕಬೇಡಿ.

ತೊಂದರೆ ಇರುವುದು ಮ್ಯಾಟಿನ ಕೆಳಗೆ. ಗಂಜಲ ಅಂಚಿನಿಂದ ಒಳಗೆ ಇಳಿದು ನಿಲ್ಲುತ್ತದೆ. ನೆಲಕ್ಕೆ ಮೋರಿಯ ಕಡೆ ಸರಿಯಾದ ಇಳಿಜಾರು ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಹುಳ ಬೀಳುತ್ತದೆ, ಕಣ್ಣು ಉರಿಯುವಂಥ ಘಾಟು ಏಳುತ್ತದೆ. ಎತ್ತಿ ತೊಳೆಯೋಣವೆಂದರೆ ಒಂದೊಂದೂ ನಲವತ್ತು ಕಿಲೋಗೆ ಮೇಲಿದೆ, ಒದ್ದೆಯಾದರೆ ಕೈಯಲ್ಲಿ ನಿಲ್ಲುವುದಿಲ್ಲ. ಕೊಟ್ಟಿಗೆ ಕೆಲಸ ಹೆಚ್ಚಾಗಿ ಹೆಂಗಸರದು. ಮ್ಯಾಟ್ ಮಾಡುವವರು ಒಮ್ಮೆ ಈ ಕೆಲಸವನ್ನು ತಾವೇ ಮಾಡಿ ನೋಡಿದ್ದರೆ ಅಂಚಿನಲ್ಲಿ ಹಿಡಿಯಲು ಎರಡು ತೂತಾದರೂ ಕೊಡುತ್ತಿದ್ದರು. ಪಕ್ಕದ ಮನೆಯವರು ಸ್ಪಂಜಿನಂತೆ ಮೆತ್ತಗಿರುವ, ಒಂದಕ್ಕೊಂದು ಸಿಕ್ಕಿಸುವ ಹಗುರದ ಹಾಸು ತಂದಿದ್ದಾರೆ. ಒಬ್ಬರೇ ಎತ್ತಬಹುದು, ಆದರೆ ಹಸು ಅದರ ಮೂಲೆಯನ್ನು ಕಚ್ಚಿ ಕಿತ್ತಿದೆ. ಒದ್ದೆ ಹಾಸಿನ ಮೇಲೆ ಹಸು ಮಲಗಿದರೆ ಕೆಚ್ಚಲು ಬಾವು ಬರುವ ಭಯ ಬೇರೆ. ಹಾಲು ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ಕರೆದ ಕೂಡಲೇ ಹಸಿ ಮೇವು ಹಾಕಿ, ಹಸು ನಿಂತು ತಿನ್ನುವಂತೆ ನೋಡಿಕೊಳ್ಳಿ. ಮ್ಯಾಟ್ ಇದ್ದರೂ ಈ ಎಚ್ಚರ ತಪ್ಪಬಾರದು.

ವಸ್ತುವಿನ ವಿಮರ್ಶೆ ಇಲ್ಲಿಗೆ ಮುಗಿಯುತ್ತಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗಳು ಕೇಳಿದ ಒಂದು ಪ್ರಶ್ನೆ ಅದನ್ನು ಮುಂದಕ್ಕೆ ಎಳೆಯಿತು. ಅವಳು ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟಿದ್ದಾಳೆ. ಹಬ್ಬಕ್ಕೆ ಬಂದವಳು ಕೊಟ್ಟಿಗೆಯನ್ನು ನೋಡಿ, “ಅತ್ತೆ, ಇದನ್ನು ಹಾಸಿರುವುದು ಹಸುವಿಗಾಗಿಯೋ ಹಾಲಿಗಾಗಿಯೋ?” ಎಂದಳು. ಎರಡಕ್ಕೂ ಎಂದೆ. “ಹಾಗಾದರೆ ಆ ಹಸು ಒಂದು ಸುತ್ತು ತಿರುಗಬಲ್ಲದೇ?” ಎಂದು ಕೇಳಿದಳು.

ಅವಳ ಪ್ರಶ್ನೆಗೆ ಆಧಾರವಿದೆ. ಬ್ರಿಟನ್ನಿನಲ್ಲಿ 1965ರಲ್ಲಿ ಬ್ರಾಂಬೆಲ್ ಸಮಿತಿ ಸಾಕುಪ್ರಾಣಿಗಳ ಬಗ್ಗೆ ಕೊಟ್ಟ ವರದಿಯಲ್ಲಿ ಪ್ರಾಣಿಗೆ ಕನಿಷ್ಠ ಐದು ಅವಕಾಶ ಇರಲೇಬೇಕು ಎಂದಿತು: ಏಳುವುದು, ಮಲಗುವುದು, ಸುತ್ತ ತಿರುಗುವುದು, ಮೈ ನೆಕ್ಕಿ ಸವರಿಕೊಳ್ಳುವುದು, ಕೈಕಾಲು ಚಾಚುವುದು. ಮುಂದೆ ಇದೇ ಬೆಳೆದು ಪ್ರಾಣಿಗಳ ಐದು ಸ್ವಾತಂತ್ರ್ಯಗಳೆಂದು ಹೆಸರಾಯಿತು. ಜಲ್ಲಿಕಟ್ಟು ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ ಆ ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿತು. ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ತೀರಾ ಗಿಡ್ಡ ಅಥವಾ ತೀರಾ ಭಾರದ ಹಗ್ಗ, ಸರಪಳಿಯಲ್ಲಿ ಪ್ರಾಣಿಯನ್ನು ವಿಪರೀತ ಹೊತ್ತು ಕಟ್ಟಿಹಾಕುವುದು ಹಿಂಸೆ ಎನ್ನುತ್ತದೆ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಂದು ಲೀಟರ್ ಹಾಲಿನ ಆಸುಪಾಸಿನ ಈ ದಂಡವನ್ನು ಇಷ್ಟು ವರ್ಷ ಹಾಗೇ ಬಿಟ್ಟಿರುವುದು ನನಗೆ ಸಿಟ್ಟು ತರಿಸುತ್ತದೆ.

ಹಸುಗಳ ಹಿಂಸೆಯ ಮಾತು ಬಂದಾಗ ಎರಡು ಗುಂಪು ಎದ್ದು ನಿಲ್ಲುತ್ತದೆ. ಹಾಲು ಕುಡಿಯುವುದೇ ಪಾಪ, ಬಾದಾಮಿ ಹಾಲಿಗೋ ಸೋಯಾ ಹಾಲಿಗೋ ಹೊರಳಿ ಎನ್ನುವವರು ಒಂದು ಕಡೆ. 2021ರಲ್ಲಿ ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೆಟಾ ಸಂಸ್ಥೆ ಅಮುಲ್‌ಗೆ ಸಸ್ಯಜನ್ಯ ಹಾಲಿನ ಕಡೆ ಹೊರಳುವಂತೆ ಬರೆದಾಗ ಎಷ್ಟು ಗಲಾಟೆಯಾಯಿತೆಂದು ನೆನಪಿರಬಹುದು. ದಿನಕ್ಕೆ ಎರಡು ಹೊತ್ತು ಕ್ಯಾನು ಹಿಡಿದು ಹೋಗಿ ಮಕ್ಕಳ ಫೀಸು ಕಟ್ಟುವ ಮನೆಗಳಿಗೆ ಅವರ ಬಳಿ ಉತ್ತರವಿಲ್ಲ. ಇನ್ನೊಂದು ಕಡೆ, ಹಿಂಸೆ ಏನಿದ್ದರೂ ವಿದೇಶದ ದೊಡ್ಡ ಫಾರಂಗಳಲ್ಲಿ, ನಮ್ಮ ರೈತ ಹಸುವನ್ನು ಮನೆಮಗಳಂತೆ ಸಾಕುತ್ತಾನೆ ಎನ್ನುವವರು. ಇವರ ಮಾತು ನನಗೆ ಹೆಚ್ಚು ನೋವು ಕೊಡುತ್ತದೆ, ಏಕೆಂದರೆ ಅದರಲ್ಲಿ ಪ್ರೀತಿಯ ಭಾಗ ನಿಜ. ನಾವು ಹೆಸರಿಟ್ಟು ಕರೆಯುತ್ತೇವೆ, ಜ್ವರ ಬಂದರೆ ರಾತ್ರಿಯೆಲ್ಲ ಕಾಯುತ್ತೇವೆ, ಸಂಕ್ರಾಂತಿಗೆ ಮೈ ತೊಳೆದು ಕಿಚ್ಚು ಹಾಯಿಸುತ್ತೇವೆ. ಅದೇ ಹಸುವನ್ನು ವರ್ಷದ ಬಹುಪಾಲು ಗಿಡ್ಡ ಹಗ್ಗದಲ್ಲಿ ಗೋಡೆಗೆ ಮುಖ ಮಾಡಿ ಕಟ್ಟುವುದೂ ನಮ್ಮೂರುಗಳಲ್ಲೇ. ಗೋಮಾಳ ಹೋಯಿತು, ಮೇಯಲು ಜಾಗವಿಲ್ಲ, ಎಚ್‌ಎಫ್‌ಗೆ ಬಿಸಿಲು ತಡೆಯದು, ಹೊಲದಲ್ಲಿ ಬಿಟ್ಟರೆ ಪಕ್ಕದವರ ಪೈರಿಗೆ ಬಾಯಿ ಹಾಕುತ್ತದೆ. ಕಾರಣಗಳೆಲ್ಲ ಸರಿಯೇ. ಹಸುವಿನ ಕುತ್ತಿಗೆಗೆ ಅವು ಯಾವುವೂ ಗೊತ್ತಿಲ್ಲ.

ಹೋರಿಗರುವಿನ ವಿಷಯ ಇನ್ನೂ ಕಷ್ಟದ್ದು. ಎಚ್‌ಎಫ್ ಹೋರಿಗೆ ನೊಗ ನಿಲ್ಲುವಂಥ ಹಿಣಿಲು ಇಲ್ಲ, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಕರ್ನಾಟಕದ 1964ರ ಗೋಹತ್ಯೆ ತಡೆ ಕಾಯ್ದೆ ಮುದಿ ಎತ್ತು, ಹೋರಿಗಳನ್ನು ಕಸಾಯಿಖಾನೆಗೆ ಕೊಡಲು ಬಿಟ್ಟಿದ್ದ ದಾರಿಯನ್ನು 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಮುಚ್ಚಿತು. ಕರುವನ್ನು ಕೊಲ್ಲಬಾರದು ಎಂದ ಸರ್ಕಾರ ಅದನ್ನು ಸಾಕುವ ಖರ್ಚಿನ ಲೆಕ್ಕವನ್ನು ರೈತನಿಗೇ ಬಿಟ್ಟಿದೆ. ಆ ಲೆಕ್ಕದಲ್ಲಿ ಹಾಲು ಬಿಡದೆ ಸೊರಗಿಸಿದ ಕರುಗಳಿವೆ, ಸಂತೆಯ ಬದಿಯಲ್ಲಿ ಬಿಟ್ಟು ಹೋದ ಕರುಗಳಿವೆ. ನಾವು ಈಗ ಲಿಂಗ ನಿರ್ಧರಿತ ವೀರ್ಯ ಹಾಕಿಸುತ್ತೇವೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರುವೇ ಆಗುತ್ತದೆ. ನನ್ನ ಮಟ್ಟಿಗೆ, ಕೊಟ್ಟಿಗೆಯ ಹಿಂಸೆ ತಗ್ಗಿಸಲು ಈಚೆಗೆ ಬಂದವುಗಳಲ್ಲಿ ಮ್ಯಾಟಿಗಿಂತ ದೊಡ್ಡದು ಇದು.

ಅಣ್ಣನ ಮಗಳು ಹೋದ ಮೇಲೆ ನಮ್ಮ ಮನೆಯವರೂ ನಾನೂ ಕುಳಿತು ಲೆಕ್ಕ ಹಾಕಿದೆವು. ಹಸುವನ್ನು ಕಟ್ಟದೆ ಬಿಟ್ಟು ಸಾಕುವ ಮುಕ್ತ ಕೊಟ್ಟಿಗೆ ಪದ್ಧತಿಯಲ್ಲಿ ಒಂದು ಹಸುವಿಗೆ ಸೂರಿನ ಕೆಳಗೆ 3.5 ಚದರ ಮೀಟರ್, ಬಯಲಿನಲ್ಲಿ 7 ಚದರ ಮೀಟರ್ ಜಾಗ ಇರಬೇಕೆಂದು ಹೇಳುತ್ತಾರೆ. ನಾವು ಹಾಸಿದ ಮ್ಯಾಟ್ ಒಂದು ಹಸುವಿಗೆ ಎರಡೂವರೆ ಚದರ ಮೀಟರಿಗೆ ತುಸು ಮೇಲೆ. ಕೊಟ್ಟಿಗೆಯ ಹಿಂದೆ ಹೊಂಗೆ ಮರದ ಕೆಳಗೆ ಹುಲ್ಲು ಮೆದೆ ಹಾಕುತ್ತಿದ್ದ ಜಾಗವಿತ್ತು. ಮೆದೆಯನ್ನು ಸರಿಸಿದೆವು. ಹಳೆಯ ಕಲ್ಲುಕಂಬ ನೆಟ್ಟು, ಗಾಳಿಮರದ ಗಳ ಅಡ್ಡ ಕಟ್ಟಿ, ಒಂದು ಮೂಲೆಯಲ್ಲಿ ಸಿಮೆಂಟ್ ತೊಟ್ಟಿ ಇಟ್ಟೆವು. ಎರಡು ಮ್ಯಾಟಿನ ಬೆಲೆಯೂ ಆಗಲಿಲ್ಲ. ಕರೆಯುವಾಗ, ಹಿಂಡಿ ಬೂಸಾ ಹಾಕುವಾಗ ಮಾತ್ರ ಕಟ್ಟುತ್ತೇವೆ, ಉಳಿದ ಹೊತ್ತು ಬಿಟ್ಟಿರುತ್ತೇವೆ. ಕೊಟ್ಟಿಗೆ ಬಾಗಿಲು ತೆರೆದೇ ಇರುತ್ತದೆ.

ಆಗ ಕಂಡದ್ದನ್ನು ಯಾವ ಮ್ಯಾಟ್ ಮಾರುವವರೂ ಹೇಳಿರಲಿಲ್ಲ. ಇಷ್ಟ ಬಂದಲ್ಲಿ ಮಲಗಲು ಬಿಟ್ಟಾಗ ನಮ್ಮ ಹಸುಗಳು ಮ್ಯಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಹೊಂಗೆ ನೆರಳಿನ ಒಣ ಮಣ್ಣಿನಲ್ಲಿ, ಪಕ್ಕಕ್ಕೆ ಕಾಲು ಚಾಚಿ, ಕುತ್ತಿಗೆ ಹಿಂದಕ್ಕೆ ತಿರುಗಿಸಿ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿದವು. ಕಟ್ಟಿದ ಹಸು ಹಾಗೆ ಮಲಗಿದ್ದನ್ನು ನಾನು ನೋಡಿಲ್ಲ. ಕೆಂಪಿ ಕಲ್ಲುಕಂಬಕ್ಕೆ ಬೆನ್ನು ಉಜ್ಜುತ್ತಾ ನಿಂತುಬಿಡುತ್ತಾಳೆ. ಚುಕ್ಕಿ ಗಂಗೆಯ ಕುತ್ತಿಗೆ ನೆಕ್ಕುತ್ತಾಳೆ. ನೀರನ್ನು ನಾವು ಬಕೆಟ್ಟಿನಲ್ಲಿ ಹಿಡಿದಾಗ ಕುಡಿಯುವುದಕ್ಕೂ ಬೇಕೆಂದಾಗ ಹೋಗಿ ಕುಡಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಒಂದು ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಬೇಕು ಎನ್ನುವ ಲೆಕ್ಕ ತೊಟ್ಟಿ ಖಾಲಿಯಾಗುವುದನ್ನು ನೋಡಿದಾಗ ಅರ್ಥವಾಗುತ್ತದೆ. ಮ್ಯಾಟಿಗೆ ಏರದ ಹಾಲು ನೀರಿಗೆ ತುಸು ಏರಿದ್ದೂ ಡೇರಿ ಪುಸ್ತಕದಲ್ಲಿದೆ. ಬೆದೆಗೆ ಬಂದದ್ದೂ ಈಗ ಬೇಗ ತಿಳಿಯುತ್ತದೆ, ಒಂದರ ಮೇಲೊಂದು ಏರುವುದು ಕಣ್ಣಿಗೆ ಬೀಳುತ್ತದಲ್ಲ.

ಮ್ಯಾಟಿನ ಕಾಲ ಬಂದದ್ದು ಹಸ್ತ, ಚಿತ್ತೆ ಮಳೆಯಲ್ಲಿ. ಬಯಲು ಕೆಸರಾಯಿತು. ಕೆಸರಿನಲ್ಲಿ ಹಸು ಮಲಗುವುದಿಲ್ಲ, ಮಲಗಿದರೂ ಕೆಚ್ಚಲು ಕೆಡುತ್ತದೆ. ನಾಲ್ಕೂ ತಾವಾಗಿಯೇ ಒಳಗೆ ಬಂದು ರಬ್ಬರಿನ ಮೇಲೆ ಮಲಗಿದವು. ಆಗ ಕೊಟ್ಟ ದುಡ್ಡಿಗೆ ಬೆಲೆ ಬಂತು ಎನ್ನಿಸಿತು. ಈಯಲು ಹತ್ತಿರವಾದ ಹಸುವಿಗೂ, ಕಾಲು ನೋವಿರುವುದಕ್ಕೂ ಮ್ಯಾಟ್ ಬೇಕೇ ಬೇಕು. ತಪ್ಪಿಯೂ ಬಿಸಿಲು ಬೀಳುವ ಕಡೆ ಹಾಸಬೇಡಿ. ಕಪ್ಪು ರಬ್ಬರ್ ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಕಾಯುತ್ತದೆ.

ಪಟ್ಟಣದ ಓದುಗರಿಗೆ ಒಂದು ಮಾತು. ಡೇರಿಯಲ್ಲಿ ನಮ್ಮ ಹಾಲಿಗೆ ಬೆಲೆ ಕಟ್ಟುವುದು ಫ್ಯಾಟ್ (ಕೊಬ್ಬು) ಮತ್ತು ಕೊಬ್ಬಲ್ಲದ ಘನಾಂಶವಾದ ಎಸ್‌ಎನ್‌ಎಫ್ ನೋಡಿ. ಹಸು ಬಿಟ್ಟಿದೆಯೋ ಕಟ್ಟಿದೆಯೋ, ತೊಟ್ಟಿಯಲ್ಲಿ ದಿನವಿಡೀ ನೀರಿದೆಯೋ ಇಲ್ಲವೋ, ಅದಕ್ಕೆ ಒಂದು ಪೈಸೆಯೂ ಇಲ್ಲ. ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಅದರ ಜೊತೆಗೆ ಹಸುವನ್ನು ಬಿಟ್ಟು ಸಾಕುವವರಿಗೆ ಒಂದು ರೂಪಾಯಿ ಸೇರಿಸಿದರೆ ನಮ್ಮೂರಿನ ಅರ್ಧ ಕೊಟ್ಟಿಗೆಗಳ ಹಿಂದೆ ಬೇಲಿ ಏಳುತ್ತದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ ಕೇಳಿಬಂದ ಕೂಗು ನನಗೆ ನೆನಪಿದೆ. ಹಸುವಿನ ಹಿಂಸೆಯ ಬಗ್ಗೆ ನಿಜವಾಗಿ ಸಂಕಟಪಡುವವರು ಆ ಒಂದು ರೂಪಾಯಿಯನ್ನು ಕೇಳಿ ಪಡೆಯಲು ನಮ್ಮ ಜೊತೆ ನಿಲ್ಲಲಿ. ಅಣ್ಣನ ಮಗಳು ಹಾಲು ಬಿಟ್ಟದ್ದು ಬಿಟ್ಟದ್ದೇ. ಆದರೆ ಈ ಬೇಡಿಕೆಗೆ ತಾನು ಸಹಿ ಹಾಕುತ್ತೇನೆ ಎಂದಿದ್ದಾಳೆ.

ಮ್ಯಾಟ್ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಸಾಲ ಮಾಡಿ ತರಬೇಡಿ. ಇರುವ ದುಡ್ಡಿನಲ್ಲಿ ಮೊದಲು ನೀರಿನ ತೊಟ್ಟಿ, ಆಮೇಲೆ ಬೇಲಿ, ಉಳಿದರೆ ಮ್ಯಾಟ್. ಹಿತ್ತಿಲೇ ಇಲ್ಲದ, ಹಗಲೂ ರಾತ್ರಿ ಕಟ್ಟಲೇಬೇಕಾದ ಮನೆಯಾದರೆ ಮ್ಯಾಟನ್ನೇ ಮೊದಲು ತನ್ನಿ, ಹಗ್ಗವನ್ನು ಹಸು ತನ್ನ ಪಕ್ಕೆ ನೆಕ್ಕಿಕೊಳ್ಳುವಷ್ಟು ಉದ್ದ ಬಿಡಿ. ಹಾಸುವ ಮೊದಲು ಒಂದು ಬಿಂದಿಗೆ ನೀರು ಸುರಿದು ಅದು ನಿಲ್ಲದೆ ಮೋರಿಗೆ ಹೋಗುತ್ತದೆಯೇ ನೋಡಿ. ನಿಂತರೆ ಗಾರೆಯವರನ್ನು ಕರೆಸಿ ಇಳಿಜಾರು ಸರಿಮಾಡಿಸಿ, ಕೆಳಗಿನ ಗೀರು ಮೋರಿಯ ಕಡೆಗೇ ಬರುವಂತೆ ಹಾಸಿ. ಎತ್ತಿ ತೊಳೆಯುವ ದಿನ ಮನೆಯ ಗಂಡಸರೂ ಕೈಹಾಕಲಿ.