ಟರ್ಫಾ, ನಿಜವಾದ ಹುಲ್ಲಾ? ಕಾಲೇಜ್ ಫುಟ್‌ಬಾಲ್ ಆಡೋ ಹುಡುಗನ ಅಮ್ಮನ ರಿವ್ಯೂ

ಮಗ ಕಾಲೇಜಿಂದ ಬಟ್ಟೆ ಬ್ಯಾಗ್ ತಂದು ಹಾಕಿದ ಭಾನುವಾರ ನಮ್ಮ ವಾಷಿಂಗ್ ಮೆಷಿನ್ ಬಾಗಿಲಿನ ರಬ್ಬರ್ ಪಟ್ಟಿ ಮಡಿಸಿ ನೋಡಿದ್ರೆ ಒಳಗಡೆ ಕಪ್ಪು ಕಾಳು ಸಾಲಾಗಿ ಕೂತಿರುತ್ತೆ. ಸಾಸಿವೆ ಥರಾನೇ, ಆದ್ರೆ ಗುಂಡಗಿಲ್ಲ, ಮೂಲೆ ಮೂಲೆ, ಬೆರಳಲ್ಲಿ ಒತ್ತಿದ್ರೆ ಮೆತ್ತಗೆ, ಮೂಗಿನ ಹತ್ರ ಹಿಡಿದ್ರೆ ಪಂಕ್ಚರ್ ಅಂಗಡಿ ವಾಸನೆ. ಸಾಕ್ಸ್ ಒಳಗೆ, ಶೂ ಒಳಗೆ, ಬಾತ್‌ಟಬ್ ತಳದಲ್ಲಿ, ಒಂದ್ಸಲ ಅವನ ಕಿವಿ ಹಿಂದೆನೂ ಸಿಕ್ಕಿತ್ತು. ಹಳೇ ಟೈರ್ ಅರೆದು ಮಾಡಿದ ಪುಡಿ ಅದು, ಅವನ ಕಾಲೇಜಿನ ಫುಟ್‌ಬಾಲ್ ಗ್ರೌಂಡ್ ತುಂಬಾ ಇರೋದು ಅದೇ.

ನಾವು ಮೈಸೂರಿನವರು, ಮಿಶಿಗನ್‌ಗೆ ಬಂದು 19 ವರ್ಷ ಆಯ್ತು. ಇಲ್ಲಿ ಫುಟ್‌ಬಾಲ್ ಅಂದ್ರೆ ಗೊತ್ತಲ್ಲ, ಹೆಲ್ಮೆಟ್ ಹಾಕ್ಕೊಂಡು ಚೆಂಡನ್ನ ಕಂಕುಳಲ್ಲಿ ಅವುಚಿಕೊಂಡು ಓಡೋ ಆಟ. ಮಗ ಹೈಸ್ಕೂಲಲ್ಲಿ ನಾಲ್ಕು ವರ್ಷ ನಿಜವಾದ ಹುಲ್ಲಿನ ಮೇಲೆ ಆಡಿದ, ಆಮೇಲೆ ಡಿವಿಷನ್ ಮೂರರ (ಇಲ್ಲಿ ಕಾಲೇಜ್ ಆಟದ ಮೂರು ಮಟ್ಟದಲ್ಲಿ ಕೊನೇದು) ಒಂದು ಸಣ್ಣ ಕಾಲೇಜಲ್ಲಿ ಟರ್ಫ್, ಅಂದ್ರೆ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡ್ತಿದಾನೆ, ಕಾಲೇಜ್ ಹೆಸರು ಬೇಡ. ಎರಡೂ ಕಡೆ ಬೇಲಿ ಪಕ್ಕ ನಿಂತು ನೋಡಿದೀನಿ, ಎರಡೂ ಕಡೆ ಬಟ್ಟೆ ಒಗೆದಿದೀನಿ, ಅದಕ್ಕೇ ಈ ರಿವ್ಯೂ ಬರೀಬೇಕು ಅನ್ನಿಸ್ತು. ಇಲ್ಲಿರೋ ನಮ್ಮ ಕನ್ನಡದವರ ಮಕ್ಕಳು ಎಷ್ಟೋ ಜನ ಈಗ ಫುಟ್‌ಬಾಲ್, ಸಾಕರ್, ಲಕ್ರಾಸ್ ಅಂತ ಕಾಲೇಜ್ ಟೀಮ್‌ಗೆ ಹೋಗ್ತಿದಾರೆ, ಡಾರ್ಮ್ ನೋಡ್ತೀವಿ, ಫೀಸ್ ನೋಡ್ತೀವಿ, ಮಗು ದಿನಾ ಮೂರು ಗಂಟೆ ಓಡೋ ನೆಲ ಯಾವುದು ಅಂತ ಯಾರೂ ಕೇಳಲ್ಲ, ನಾವೂ ಕೇಳಿರ್ಲಿಲ್ಲ.

ಮೊದಲು ಈ ಟರ್ಫ್ ಅಂದ್ರೆ ಏನು ಅಂತ. 1966 ರಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ ಹಾಕಿದ್ರು, ಛಾವಣಿ ಇರೋ ಸ್ಟೇಡಿಯಂ, ಒಳಗೆ ಹುಲ್ಲು ಸತ್ತೋಯ್ತು, ಅದಕ್ಕೆ ನೈಲಾನ್ ಜಮಖಾನ ಹಾಸಿದ್ರು, ಆಸ್ಟ್ರೋಟರ್ಫ್ ಅನ್ನೋ ಹೆಸರು ಬಂದಿದ್ದೇ ಅಲ್ಲಿಂದ. ಆಗಿನದು ಗಿಡ್ಡ ಎಳೆ, ಕೆಳಗೆ ತೆಳ್ಳಗೆ ಒಂದು ಪ್ಯಾಡ್, ಅದರ ಕೆಳಗೆ ಡಾಂಬರು, ಬಿದ್ರೆ ರೋಡ್ ಮೇಲೆ ಬಿದ್ದಂಗೇ. ಈಗಿನದು ಬೇರೆ, ಎರಡು ಇಂಚಿನ ಆಸುಪಾಸು ಉದ್ದದ ಪ್ಲಾಸ್ಟಿಕ್ ಎಳೆ, ಎಳೆಗಳ ಮಧ್ಯೆ ಮರಳು ಮತ್ತೆ ಈ ರಬ್ಬರ್ ಕಾಳು ತುಂಬಿರ್ತಾರೆ, ನಡೆದ್ರೆ ಕಾಲಿಗೆ ಮೆತ್ತಗೆ ಹಿತವಾಗೇ ಇರುತ್ತೆ. ದೊಡ್ಡ ಕಾಲೇಜುಗಳಲ್ಲಿ ನೆಬ್ರಾಸ್ಕಾ 1999 ರಲ್ಲಿ ಇದನ್ನ ಹಾಕಿಸ್ತು, ಅಲ್ಲಿಂದ ಒಬ್ಬರನ್ನ ನೋಡಿ ಒಬ್ಬರು ಹಾಕಿಸ್ಕೊಂಡ್ರು.

ಒಳ್ಳೇದನ್ನೂ ಹೇಳಲೇಬೇಕು. ಮಗನ ಕಾಲೇಜಲ್ಲಿ ಇರೋದು ಒಂದೇ ಗ್ರೌಂಡ್. ಬೆಳಗ್ಗೆ ಆರಕ್ಕೆ ಫುಟ್‌ಬಾಲ್ ಹುಡುಗರು, ಮಧ್ಯಾಹ್ನ ಹುಡುಗೀರ ಸಾಕರ್, ಸಂಜೆ ಬ್ಯಾಂಡ್‌ನವರು ಡ್ರಮ್ ಹೊತ್ಕೊಂಡು ಕವಾಯತು, ರಾತ್ರಿ ಲೈಟ್ ಹಾಕ್ಕೊಂಡು ಲಕ್ರಾಸ್. ಯಾವ ಹುಲ್ಲೂ ಇಷ್ಟು ತುಳಿತ ತಡ್ಕೊಳ್ಳಲ್ಲ, ನಾಲ್ಕು ವಾರದಲ್ಲಿ ಗದ್ದೆ ಆಗುತ್ತೆ. ಹೈಸ್ಕೂಲಲ್ಲಿ ಒಂದ್ ಅಕ್ಟೋಬರ್ ಹಂಗೇ ಆಗಿತ್ತು, ಮಳೆ ಬಿದ್ದ ಶುಕ್ರವಾರ ಮ್ಯಾಚ್ ಆಡಿಸಿದ್ರು, ಮಧ್ಯದಲ್ಲಿ ಹುಲ್ಲು ಅನ್ನೋದೇ ಉಳೀಲಿಲ್ಲ, ಉಳಿದ ಸೀಸನ್ ಪೂರ್ತಿ ಹುಡುಗರು ಕೆಸರಲ್ಲಿ ಜಾರಿದ್ರು. ಟರ್ಫ್‌ನಲ್ಲಿ ಆ ಕಷ್ಟ ಇಲ್ಲ, ಧಾರಾಕಾರ ಮಳೆ ನಿಂತು ಅರ್ಧ ಗಂಟೆಗೆ ಆಟ ಶುರು ಮಾಡ್ಬೋದು. ಬಡ ಕಾಲೇಜಿಗೆ ಇದು ದೊಡ್ಡ ಅನುಕೂಲ, ಅದನ್ನ ನಾನು ಒಪ್ಕೋತೀನಿ.

ಇನ್ನು ಬಿಸಿ. ಆಗಸ್ಟ್ ಕ್ಯಾಂಪ್‌ಗೆ ಬಿಡೋಕೆ ಹೋದಾಗ ಮಧ್ಯಾಹ್ನ ಎರಡು ಗಂಟೆ, ಗ್ರೌಂಡ್ ಅಂಚಲ್ಲಿ ಕೂತು ಕೈ ಊರಿದೆ, ಕಾದ ಕಾವಲಿ ಮೇಲೆ ಊರಿದಂಗಾಯ್ತು, ತಕ್ಷಣ ತೆಗೆದುಬಿಟ್ಟೆ. ಆಚೆ ದಾರಿ ಪಕ್ಕದ ಹುಲ್ಲು ಮುಟ್ಟಿದೆ, ಬೆಚ್ಚಗಿತ್ತು ಅಷ್ಟೇ. ಆಮೇಲೆ ಹುಡುಕಿ ಓದಿದೆ, ಯೂಟಾದ ಬ್ರಿಗಮ್ ಯಂಗ್ ಯೂನಿವರ್ಸಿಟಿಯವರು 2002 ರಲ್ಲೇ ತಮ್ಮ ಫುಟ್‌ಬಾಲ್ ಗ್ರೌಂಡ್‌ನ ಬಿಸಿ ಅಳೆದಿದಾರೆ, ಅಳೆಯೋಕೆ ಕಾರಣ ಅವರ ಒಬ್ಬ ಕೋಚ್‌ಗೆ ಶೂ ಹಾಕಿದ್ರೂ ಅಂಗಾಲಲ್ಲಿ ಬೊಬ್ಬೆ ಬಂದಿದ್ದು. ಗಾಳಿ 98 ಡಿಗ್ರಿ ಫ್ಯಾರನ್‌ಹೀಟ್ ಇದ್ದ ದಿನ ಟರ್ಫ್ ಮೇಲ್ಮೈ 200 ಡಿಗ್ರಿ, ಅಂದ್ರೆ ನಮ್ಮ ಲೆಕ್ಕದಲ್ಲಿ 93 ಸೆಲ್ಸಿಯಸ್. ನೀರು ಹೊಡೆದ್ರೆ 174 ರಿಂದ 85 ಕ್ಕೆ ಇಳೀತಂತೆ, ಇಪ್ಪತ್ತೇ ನಿಮಿಷಕ್ಕೆ ವಾಪಸ್ 164. ಮಗನ ಕಾಲೇಜಲ್ಲೂ ಪ್ರಾಕ್ಟೀಸ್‌ಗೆ ಮುಂಚೆ ಪೈಪ್ ಹಿಡಿದು ನೀರು ಹೊಡೀತಾರೆ, ಆ ತಂಪು ಎಷ್ಟು ಹೊತ್ತು ಇರುತ್ತೆ ಅಂತ ಈಗ ಗೊತ್ತಾಯ್ತು. ನಿಜವಾದ ಹುಲ್ಲು ಬೇರಿಂದ ನೀರು ಎಳೆದು ಎಲೆಯಿಂದ ಬಿಡುತ್ತೆ, ಹಂಗಾಗಿ ತಾನೇ ತಣ್ಣಗಾಗುತ್ತೆ, ಪ್ಲಾಸ್ಟಿಕ್ ಅದು ಹೆಂಗೆ ಮಾಡುತ್ತೆ.

ತರಚು ಗಾಯದ ಬಗ್ಗೆ ಜಾಸ್ತಿ ಹೇಳಲ್ಲ. ಹುಲ್ಲಲ್ಲಿ ಜಾರಿ ಬಿದ್ರೆ ಬಟ್ಟೆಗೆ ಹಸಿರು ಕರೆ, ಟರ್ಫಲ್ಲಿ ಜಾರಿ ಬಿದ್ರೆ ಮೊಣಕೈ ಚರ್ಮ ಎದ್ದು ಬರುತ್ತೆ, ರಾತ್ರಿ ಬೆಡ್‌ಶೀಟ್‌ಗೆ ಅಂಟ್ಕೊಳುತ್ತೆ, ಬೆಳಗ್ಗೆ ನೀರು ಹಾಕಿ ಬಿಡಿಸ್ಬೇಕು. ಮೊದಲ ವರ್ಷ ಹಂಗೆ ಎಷ್ಟು ಸಲ ಆಯ್ತೋ ಲೆಕ್ಕ ಇಲ್ಲ.

ಆದ್ರೆ ನನಗೆ ಹೊಟ್ಟೆ ಉರಿಯೋದು ಮಂಡಿ ವಿಷಯಕ್ಕೆ. ಎರಡನೇ ವರ್ಷ ಅಕ್ಟೋಬರ್, ಶನಿವಾರ, ಬಿಸಿಲಿತ್ತು, ನೆಲ ಒಣಗಿತ್ತು. ಮಗ ಕಾರ್ನರ್‌ಬ್ಯಾಕ್, ಅಂದ್ರೆ ಎದುರು ಟೀಮ್‌ನಲ್ಲಿ ಚೆಂಡು ಹಿಡಿಯೋನನ್ನ ಕಾಯೋನು, ಎದುರಿನವನ ಜೊತೆ ಹಿಂದಕ್ಕೆ ಓಡ್ತಿದ್ದೋನು ಟಕ್ ಅಂತ ತಿರುಗಬೇಕು. ಯಾರೂ ಅವನ ಮೈ ಮುಟ್ಟಿಲ್ಲ. ಎಡಗಾಲು ಊರಿದ, ಮೈ ತಿರುಗ್ತು, ಕಾಲು ತಿರುಗಲಿಲ್ಲ. ಹಂಗೇ ಕೂತುಬಿಟ್ಟ, ಮಂಡಿ ಹಿಡ್ಕೊಂಡು ಹೆಲ್ಮೆಟ್ ನೆಲಕ್ಕೆ ಊರಿದ, ನಮ್ಮನೆಯವರು ಎದ್ದು ನಿಂತೋರು ಐದು ನಿಮಿಷ ಮಾತೇ ಆಡಲಿಲ್ಲ. ಎಸಿಎಲ್, ಅಂದ್ರೆ ಮಂಡಿ ಒಳಗೆ ಮೂಳೆ ಹಿಡಿದಿಡೋ ಲಿಗಮೆಂಟ್, ಹರಿದಿತ್ತು, ಆಪರೇಷನ್ ಆಯ್ತು, ಒಂಬತ್ತು ತಿಂಗಳು ಹೋಯ್ತು. ಟರ್ಫಿಂದಾನೇ ಆಯ್ತು ಅಂತ ನಾನು ಪ್ರಮಾಣ ಮಾಡಲ್ಲ, ಹುಲ್ಲಿನ ಮೇಲೂ ಎಸಿಎಲ್ ಹರಿಯುತ್ತೆ. ಆದ್ರೆ ಆಮೇಲೆ ನಾನು ಆ ಜಾಗಕ್ಕೆ ಹೋಗಿ ನೋಡಿದೆ, ಹುಲ್ಲಾಗಿದ್ರೆ ಅಲ್ಲೊಂದು ಹೆಂಟೆ ಕಿತ್ತು ಬಂದಿರ್ಬೇಕಿತ್ತು. ಇಲ್ಲಿ ಏನೂ ಇಲ್ಲ, ಒಂದು ಎಳೆನೂ ಕದಲಿಲ್ಲ.

ಇಡೀ ವಿಷಯ ಆ ಹೆಂಟೆಲೇ ಇದೆ. ಶೂ ತಳದ ಮೊಳೆ ನೆಲಕ್ಕೆ ಕಚ್ಕೊಂಡಾಗ ಮೈ ಭಾರ ತಿರುಗಿದ್ರೆ ಏನಾದ್ರೂ ಒಂದು ಬಿಟ್ಟುಕೊಡಬೇಕು. ಹುಲ್ಲಲ್ಲಿ ನೆಲ ಬಿಟ್ಟುಕೊಡುತ್ತೆ, ಬೇರು ಸಮೇತ ಒಂದು ತುಂಡು ಎದ್ದು ಹಾರುತ್ತೆ, ಹುಡುಗರು ಓಡ್ತಾ ಓಡ್ತಾ ಅದನ್ನ ಕಾಲಲ್ಲೇ ವಾಪಸ್ ಅದುಮಿ ಹೋಗ್ತಾರೆ. ಪ್ಲಾಸ್ಟಿಕ್ ಹರಿಯಬಾರದು ಅಂತಾನೇ ಮಾಡಿರೋದು, ಅದು ಬಿಟ್ಟುಕೊಡಲ್ಲ, ಹಂಗಾದ್ರೆ ಬಿಟ್ಟುಕೊಡೋದು ಮಂಡಿನೋ ಹಿಮ್ಮಡಿ ಗಂಟೋ ಆಗುತ್ತೆ. ಇಲ್ಲಿನ ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ, ಅದರ ಹತ್ತು ವರ್ಷದ ಗಾಯದ ಲೆಕ್ಕ, 2004 ರಿಂದ 2014 ರವರೆಗಿಂದು, ಇಟ್ಕೊಂಡು ಡಾಕ್ಟರ್‌ಗಳು 2019 ರಲ್ಲಿ ಬರೆದಿದ್ದು ಓದಿದೆ. ಕಾಲೇಜ್ ಫುಟ್‌ಬಾಲ್ ಮ್ಯಾಚ್‌ಗಳಲ್ಲಿ ಮಂಡಿ ಹಿಂಭಾಗದ ಲಿಗಮೆಂಟ್, ಪಿಸಿಎಲ್, ಟರ್ಫ್ ಮೇಲೆ ಸುಮಾರು ಮೂರು ಪಟ್ಟು ಜಾಸ್ತಿ ಹರಿದಿದೆ. ಎಸಿಎಲ್ ದೊಡ್ಡ ಕಾಲೇಜುಗಳಲ್ಲಿ ಅಂಥಾ ವ್ಯತ್ಯಾಸ ಇಲ್ಲ, ಡಿವಿಷನ್ ಎರಡು ಮತ್ತೆ ಮೂರರಲ್ಲಿ ಮಾತ್ರ ಟರ್ಫ್ ಮೇಲೆ 1.6 ಪಟ್ಟು. ನಮ್ಮ ಹುಡುಗ ಆಡೋ ಡಿವಿಷನ್! ಯಾಕೆ ಹಂಗೆ ಅಂತ ನನ್ನ ಅನಿಸಿಕೆ, ಸಣ್ಣ ಕಾಲೇಜುಗಳು ಒಂದ್ಸಲ ಹಾಸಿದ ಜಮಖಾನನ ಎಷ್ಟು ವರ್ಷ ಆಗುತ್ತೋ ಅಷ್ಟು ಎಳೀತಾರೆ. ಎಲ್ಲಾ ಸ್ಟಡಿಗಳೂ ಒಂದೇ ಮಾತು ಹೇಳಲ್ಲ ಅನ್ನೋದೂ ನಿಜ, 2010 ರಲ್ಲಿ ಬಂದ ಒಂದರಲ್ಲಿ ಟರ್ಫ್ ಮೇಲೇ ಗಾಯ ಕಮ್ಮಿ ಅಂತಿತ್ತು, ಅದಕ್ಕೆ ದುಡ್ಡಿನ ಒಂದು ಪಾಲು ಟರ್ಫ್ ಕಂಪನಿ ಕೊಟ್ಟಿದ್ದು ಅಂತ ಆ ಪೇಪರ್‌ನಲ್ಲೇ ಬರೆದಿದಾರೆ. ಓದೋರು ಎರಡನ್ನೂ ಓದಿ.

ಈಗ ಹುಲ್ಲಿನ ಕಡೆ ಬರ್ತೀನಿ. ನಮ್ಮ ಮಿಶಿಗನ್‌ನಲ್ಲೇ ಒಂದು ಗಂಟೆ ದಾರಿಯಲ್ಲಿ ಎರಡೂ ನೋಡ್ಬೋದು. ಆನ್ ಆರ್ಬರ್‌ನಲ್ಲಿ ಮಿಶಿಗನ್ ಯೂನಿವರ್ಸಿಟಿಯ ಮಿಶಿಗನ್ ಸ್ಟೇಡಿಯಂ, ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರ್ತಾರೆ, ಅಲ್ಲಿ 1969 ರಲ್ಲಿ ಟರ್ಫ್ ಹಾಕಿದ್ರು, 1991 ರಲ್ಲಿ ಕಿತ್ತು ಹುಲ್ಲು ಬೆಳೆಸಿದ್ರು, ಸ್ಟೇಡಿಯಂ ಇರೋದು ಹಳ್ಳದಲ್ಲಿ, ಅಂತರ್ಜಲ ಮೇಲೇ ಇದೆ, ಹುಲ್ಲು ಸರಿಯಾಗಿ ಹಿಡೀಲಿಲ್ಲ, 2003 ರಲ್ಲಿ ಮತ್ತೆ ಟರ್ಫ್. ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಸ್ಪಾರ್ಟನ್ ಸ್ಟೇಡಿಯಂನಲ್ಲೂ 1969 ರಲ್ಲೇ ಟರ್ಫ್ ಹಾಕಿದ್ದು, 2002 ರಲ್ಲಿ ಹುಲ್ಲಿಗೆ ಬಂದೋರು ಹುಲ್ಲಲ್ಲೇ ನಿಂತಿದಾರೆ. ಅದೇ ಚಳಿ, ಅದೇ ಹಿಮ. ಈ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಲಿ ಹುಲ್ಲು ಬೆಳೆಸೋದೇ ಒಂದು ಓದು, ಡಿಗ್ರಿ ಕೊಡ್ತಾರೆ. 1994 ರ ಸಾಕರ್ ವರ್ಲ್ಡ್ ಕಪ್‌ಗೆ ಪಾಂಟಿಯಾಕ್‌ನ ಸಿಲ್ವರ್‌ಡೋಮ್ ಒಳಗೆ, ಛಾವಣಿ ಕೆಳಗೆ, ಆರು ಮೂಲೆಯ ಟ್ರೇಗಳಲ್ಲಿ ಹೊರಗೆ ಬೆಳೆಸಿದ ಹುಲ್ಲನ್ನ ತಂದು ಜೇನುಗೂಡಿನ ಥರ ಜೋಡಿಸಿ ಆಡಿಸಿದ್ದು ಇವರೇ. 2026 ರ ವರ್ಲ್ಡ್ ಕಪ್ ಹುಲ್ಲಿನ ರಿಸರ್ಚ್‌ನೂ ಫಿಫಾ ಇವರಿಗೇ ಮತ್ತೆ ಟೆನ್ನೆಸ್ಸಿ ಯೂನಿವರ್ಸಿಟಿಗೆ ಕೊಟ್ಟಿದ್ದು, ವರ್ಷ ಪೂರ್ತಿ ಟರ್ಫ್ ಇರೋ ಸ್ಟೇಡಿಯಂಗಳಲ್ಲೂ ವರ್ಲ್ಡ್ ಕಪ್‌ಗೆ ನಿಜವಾದ ಹುಲ್ಲು ಬೇಕೇ ಬೇಕು ಅಂತ ಅವರ ರೂಲು. ಹೊರಗಿಂದ ಬರೋ ಆಟಗಾರರಿಗೆ ಹುಲ್ಲು ಹಾಸೋಕೆ ಆಗುತ್ತೆ ಅಂದ್ರೆ ಕಾಲೇಜ್ ಹುಡುಗರಿಗೆ ಯಾಕೆ ಆಗಲ್ಲ?

ಹೈಸ್ಕೂಲ್ ಗ್ರೌಂಡ್ ನೋಡ್ಕೊಳ್ತಿದ್ದ ಅಜ್ಜ ಒಬ್ಬರಿದ್ರು, ಅವರ ಹತ್ರ ನಾನು ಕಲಿತಿದ್ದು ಬಹಳ. ಒಂದ್ಸಲ ಕೊಳವೆ ಥರದ್ದೊಂದು ಉಪಕರಣ ಒತ್ತಿ ಮಣ್ಣಿನ ತುಂಡು ತೆಗೆದು ತೋರಿಸಿದ್ರು, ಕೆಂಟಕಿ ಬ್ಲೂಗ್ರಾಸ್, ಬೇರು ನನ್ನ ಗೇಣುದ್ದ ಇಳಿದಿತ್ತು, ಮಧ್ಯೆ ಬಿಳೀ ದಾರದಂಗೆ ಅಡ್ಡಡ್ಡ ಹೋಗಿರೋ ಕಾಂಡ. ಇದೇ ನೋಡಿ ಗಾಯ ಹೊಲಿಯೋ ದಾರ, ಹೆಂಟೆ ಎದ್ದ ಜಾಗಕ್ಕೆ ಇದು ಒಳಗಿಂದಾನೇ ಬರುತ್ತೆ ಅಂದ್ರು. ದಕ್ಷಿಣದ ರಾಜ್ಯಗಳಲ್ಲಿ ಬೇರೆ ಹುಲ್ಲು, ಬರ್ಮುಡಾ ಗ್ರಾಸ್ ಅಂತ ಫೋನ್‌ನಲ್ಲಿ ಫೋಟೋ ತೋರಿಸಿದ್ರು, ನಾನು ನೋಡಿ ಅಯ್ಯೋ ಇದು ನಮ್ಮ ಗರಿಕೆ ಅಂದೆ. ಗರಿಕೇನೇ! ಚೌತಿಗೆ ಗಣಪತಿಗೆ ಏರಿಸೋ ಗರಿಕೆ. ಅದಕ್ಕೆ ಆಫ್ರಿಕಾದ ಇನ್ನೊಂದು ಜಾತಿ ಬೆರೆಸಿ ಜಾರ್ಜಿಯಾದ ಟಿಫ್ಟನ್‌ನಲ್ಲಿ ಟಿಫ್‌ವೇ 419 ಅನ್ನೋ ತಳಿ ಮಾಡಿ 1960 ರಲ್ಲಿ ಬಿಟ್ರಂತೆ. ಅಲಬಾಮಾ, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ), ಜಾರ್ಜಿಯಾ, ಈ ದೊಡ್ಡ ದೊಡ್ಡ ಕಾಲೇಜ್ ಟೀಮ್‌ಗಳೆಲ್ಲ ಆಡೋದು ಗರಿಕೆ ಜಾತಿ ಹುಲ್ಲಿನ ಮೇಲೆ. ನಮ್ಮೂರಲ್ಲಿ ತೋಟದೋರು ಕಿತ್ತಷ್ಟೂ ಬರುತ್ತೆ ಅಂತ ಬೈಯೋ ಹುಲ್ಲು, ಆ ಗುಣಾನೇ ಇಲ್ಲಿ ಬೇಕಾಗಿರೋದು.

ಹುಲ್ಲು ಕೆಟ್ಟರೆ ಏನಾಗುತ್ತೆ ಅನ್ನೋದನ್ನೂ ಮುಚ್ಚಿಡಲ್ಲ. ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರು 2006 ರಲ್ಲಿ ಸೀಸನ್ ಮಧ್ಯದಲ್ಲೇ ಹೊಸ ಹುಲ್ಲು ಹಾಸಿದ್ರು, ಮಿಶಿಗನ್ ಜೊತೆ ಆ ವರ್ಷದ ದೊಡ್ಡ ಮ್ಯಾಚ್‌ನಲ್ಲಿ ಎರಡೂ ಕಡೆಯೋರು ಜಾರಿ ಜಾರಿ ಬಿದ್ರು, ಮುಂದಿನ ವರ್ಷ ಟರ್ಫ್ ಬಂತು. ನೋಟ್ರ್ ಡೇಮ್ ಕೂಡ 2014 ರಲ್ಲಿ ಹುಲ್ಲು ಬಿಟ್ಟುಬಿಡ್ತು. ಆದ್ರೆ ಪೆನ್ ಸ್ಟೇಟ್ ಅಷ್ಟೇ ಚಳಿಯಲ್ಲಿ ಹುಲ್ಲು ಇಟ್ಕೊಂಡಿದೆ. ವರ್ಷಕ್ಕೆ ಆರೇಳು ಮ್ಯಾಚ್ ಆಡೋ ಮೇನ್ ಸ್ಟೇಡಿಯಂ, ಪ್ರಾಕ್ಟೀಸ್‌ಗೆ ಬೇರೆ ಗ್ರೌಂಡ್, ಕೋಟಿಗಟ್ಟಲೆ ಟಿವಿ ದುಡ್ಡು, ಇಷ್ಟಿದ್ದು ಹುಲ್ಲು ಕಷ್ಟ ಅನ್ನೋ ಕಾಲೇಜ್ ಮಾತು ನಾನು ಒಪ್ಪಲ್ಲ. ದೊಡ್ಡ ಕಾಲೇಜುಗಳ ಟರ್ಫ್‌ಗೆ ನನ್ನಿಂದ ಐದಕ್ಕೆ ಎರಡು ಸ್ಟಾರ್, ಒಂದೇ ಗ್ರೌಂಡ್ ಇರೋ ಸಣ್ಣ ಕಾಲೇಜಿನ ಹೊಸಾ ಟರ್ಫ್‌ಗೆ ಮೂರೂವರೆ, ಹತ್ತು ವರ್ಷ ದಾಟಿದ ಹಳೇ ಟರ್ಫ್‌ಗೆ ಸ್ಟಾರೇ ಇಲ್ಲ. ಚೆನ್ನಾಗಿ ನೋಡ್ಕೊಂಡ ಹುಲ್ಲಿಗೆ ಐದು, ನೋಡ್ಕೊಳ್ಳದ ಹುಲ್ಲಿಗೆ ಎರಡು.

ಕಾಲೇಜ್ ನೋಡೋಕೆ ಹೋಗೋ ಅಪ್ಪ ಅಮ್ಮಂದಿರಿಗೆ, ಕೋಚ್ ಮಾತಾಡಿಸ್ತಾರಲ್ಲ ಆಗ ಜಮಖಾನ ಯಾವ ವರ್ಷದ್ದು ಅಂತ ಕೇಳಿ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಅದರ ಆಯಸ್ಸು. ಜಿ ಮ್ಯಾಕ್ಸ್ ಅಂತ ನೆಲದ ಗಡಸು ಅಳೆಯೋ ಟೆಸ್ಟ್ ಇದೆ, 200 ದಾಟಬಾರದು, ಕೊನೇ ಟೆಸ್ಟ್ ಯಾವಾಗ ಆಯ್ತು ಅಂತ ಕೇಳಿ, ಸಂಕೋಚ ಬೇಡ. ಆಮೇಲೆ ಗ್ರೌಂಡ್ ಮಧ್ಯಕ್ಕೆ ಹೋಗಿ ಕೂತು ಎಳೆ ಬಿಡಿಸಿ ನೋಡಿ, ಕಾಳು ತುಂಬಿದ್ರೆ ಸರಿ, ಬೆರಳಿಗೆ ಬರೀ ಮರಳು ಸಿಕ್ಕಿದ್ರೆ ಅಲ್ಲಿ ಬಿದ್ದೋರ ತಲೆಗೆ ಪೆಟ್ಟು. ಬಿಳೀ ಗೆರೆಗಳ ಹತ್ರ ಹೊಲಿಗೆ ಎದ್ದಿದೆಯಾ ಅಂತನೂ ನೋಡಿ, ಮಗನ ಗ್ರೌಂಡಲ್ಲಿ ಮೂರು ಕಡೆ ಎದ್ದಿತ್ತು, ನನ್ನ ಎರಡು ಬೆರಳು ಒಳಗೆ ಹೋಯ್ತು.

ಅದರ ಫೋಟೋ ಹಾಕಿ ಅಥ್ಲೆಟಿಕ್ ಆಫೀಸ್‌ಗೆ ಇಮೇಲ್ ಬರೆದೆ, ಇನ್ನೂ ನಾಲ್ಕು ಜನ ಅಮ್ಮಂದಿರು ಸೈನ್ ಹಾಕಿದ್ರು. ಮುಂದಿನ ಬೇಸಿಗೆಗೆ ಹೊಸದು ಹಾಕ್ತೀವಿ ಅಂತ ಉತ್ತರ ಬಂತು, ಹೊಸದಂದ್ರೂ ಟರ್ಫೇ. ಸರಿ, ಒಳಗೆ ತುಂಬೋದಾದ್ರೂ ಟೈರ್ ಪುಡಿ ಬೇಡ, ಕಾರ್ಕ್ ಸಿಗುತ್ತೆ, ತೆಂಗಿನ ನಾರಿನದ್ದೂ ಸಿಗುತ್ತೆ, ಯುರೋಪಲ್ಲಿ 2031 ರ ಹೊತ್ತಿಗೆ ಈ ರಬ್ಬರ್ ಕಾಳು ಮಾರೋದೇ ನಿಲ್ಲುತ್ತೆ ಅಂತ ವಾಪಸ್ ಬರೆದಿದೀನಿ. ಅದಕ್ಕಿನ್ನೂ ಉತ್ತರ ಬಂದಿಲ್ಲ, ಬಂದ್ಮೇಲೆ ಇಲ್ಲೇ ಸೇರಿಸ್ತೀನಿ.