ಹನ್ನೆರಡನೇ ತರಗತಿಯ ಇಆರ್‌ಡಬ್ಲ್ಯೂಸಿ: ಕಾಲೇಜಿನ ಓದು-ಬರಹಕ್ಕೆ ಇದು ಸಾಕೇ?

ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಕೊನೆಯ ವರ್ಷದ ಇಂಗ್ಲಿಷ್ ಆರಿಸುವಾಗ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಬಗ್ಗೆ ನಡೆಯುವಷ್ಟು ಚರ್ಚೆ ಇಆರ್‌ಡಬ್ಲ್ಯೂಸಿ, ಅಂದರೆ ಎಕ್ಸ್‌ಪೊಸಿಟರಿ ರೀಡಿಂಗ್ ಆ್ಯಂಡ್ ರೈಟಿಂಗ್ ಕೋರ್ಸ್ ಬಗ್ಗೆ ನಡೆಯುವುದಿಲ್ಲ. ‘ಎಪಿ ಆಗದವರಿಗೆ ಅದು’ ಎಂದು ಪಕ್ಕಕ್ಕೆ ಸರಿಸುವವರೇ ಜಾಸ್ತಿ. ಪಾಠದ ಹಾಳೆಗಳನ್ನು ತೆಗೆದು ನೋಡಿದವರು ಹಾಗೆ ಹೇಳಲಾರರು.

ಇದನ್ನು ಕಟ್ಟಿದ್ದು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು. ಅಲ್ಲಿನ ಅಧ್ಯಾಪಕರೂ ಹೈಸ್ಕೂಲು ಶಿಕ್ಷಕರೂ ಒಟ್ಟಿಗೆ ಕೂತು 2000ರ ದಶಕದಲ್ಲಿ ರೂಪಿಸಿದರು. ಹೈಸ್ಕೂಲಿನಲ್ಲಿ ಒಳ್ಳೆಯ ಗ್ರೇಡು ಪಡೆದವರೂ ಯಾವ ಮಟ್ಟದ ತರಗತಿಗೆ ಸೇರಿಸಬೇಕೆಂದು ನೋಡುವ ಯೂನಿವರ್ಸಿಟಿಯ ಇಂಗ್ಲಿಷ್ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಎಡವಿ, ಪದವಿಗೆ ಲೆಕ್ಕವಾಗುವ ಕ್ರೆಡಿಟ್ ಇಲ್ಲದ ರೆಮಿಡಿಯಲ್ (ಪೂರಕ) ತರಗತಿಯಲ್ಲಿ ಕೂರಬೇಕಾಗುತ್ತಿದ್ದ ಕಾಲ ಅದು. 2018ರಲ್ಲಿ ಆ ಪರೀಕ್ಷೆಯೂ ಹೋಯಿತು, ಆ ತರಗತಿಗಳೂ ಹೋದವು. ಕೋರ್ಸು ಮಾತ್ರ ಪರಿಷ್ಕರಣೆಗೊಳ್ಳುತ್ತಾ ಮುಂದುವರಿದಿದೆ.

ಪಾಠಗಳು ಮಾಡ್ಯೂಲ್ ರೂಪದಲ್ಲಿ, ಅಂದರೆ ಬಿಡಿಬಿಡಿ ಘಟಕಗಳಾಗಿ ಇವೆ. ಕಥೆ-ಕಾದಂಬರಿ ಇಲ್ಲವೆಂದಲ್ಲ, ಆದರೆ ಒತ್ತು ಇರುವುದು ಅಭಿಪ್ರಾಯ ಲೇಖನ, ವರದಿ, ವಾದದ ಬರಹಗಳ ಮೇಲೆ. ಪ್ರತಿ ಮಾಡ್ಯೂಲಿನದೂ ಹೆಚ್ಚುಕಡಿಮೆ ಒಂದೇ ನಡೆ: ಓದುವ ಮುಂಚಿನ ತಯಾರಿ, ಓದು, ಓದಿದ್ದನ್ನು ಪ್ರಶ್ನಿಸುವುದು, ತನ್ನ ನಿಲುವು ಕಂಡುಕೊಳ್ಳುವುದು, ಕರಡು ಬರೆಯುವುದು, ಅದನ್ನು ಪರಿಷ್ಕರಿಸುವುದು, ಕೊನೆಗೆ ವ್ಯಾಕರಣ ತಿದ್ದುವುದು. ಬರೆಯುವುದಕ್ಕಿಂತ ಮುಂಚಿನ ಹಂತಗಳೇ ಹೆಚ್ಚು. ಅದು ಸರಿಯೇ. ಕಾಲೇಜಿನ ಮೊದಲ ವರ್ಷದ ಪ್ರಬಂಧ ಸೋಲುವುದು ಬಹಳ ಸಲ ವಾಕ್ಯದೋಷದಿಂದಲ್ಲ. ಓದಿದ ಲೇಖನ ಏನು ವಾದಿಸುತ್ತಿದೆ ಎಂಬುದೇ ಬರೆದವನಿಗೆ ಹಿಡಿತಕ್ಕೆ ಸಿಕ್ಕಿರುವುದಿಲ್ಲ.

ಒಂದೇ ಲೇಖನವನ್ನು ಇಲ್ಲಿ ಎರಡು ಬಾರಿ ಓದಿಸುತ್ತಾರೆ. ಮೊದಲ ಸಲ ಲೇಖಕ ಹೇಳುವುದೆಲ್ಲ ನಿಜವೆಂದು ಒಪ್ಪಿಕೊಂಡು, ಎರಡನೇ ಸಲ ಸಾಲುಸಾಲಿಗೂ ಅನುಮಾನಪಟ್ಟು. ಮೊದಲನೆಯದನ್ನು ಹಾರಿಸಿದರೆ ವಿದ್ಯಾರ್ಥಿ ಅರ್ಥವಾಗದ ಲೇಖನದ ಮೇಲೆಯೇ ಜಗಳಕ್ಕೆ ನಿಲ್ಲುತ್ತಾನೆ. ಎರಡನೆಯದನ್ನು ಹಾರಿಸಿದರೆ ಪ್ರಬಂಧದ ಹೆಸರಿನಲ್ಲಿ ಸಾರಾಂಶ ಬರುತ್ತದೆ.

ಇಡೀ ಕೋರ್ಸಿನಲ್ಲಿ ಅತ್ಯಂತ ಬೆಲೆಬಾಳುವುದು ಎರಡು ಕಾಲಮ್ಮಿನ ಒಂದು ಸಾದಾ ಕೋಷ್ಟಕ. ಎಡಗಡೆ ‘ಈ ಪ್ಯಾರಾ ಏನು ಹೇಳುತ್ತದೆ’, ಬಲಗಡೆ ‘ಈ ಪ್ಯಾರಾ ಏನು ಮಾಡುತ್ತದೆ’. ಉದಾಹರಣೆಗೆ, ಹೈಸ್ಕೂಲು ಬೆಳಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಜಾರಿಯಲ್ಲಿದೆ. ಅದನ್ನು ಬೆಂಬಲಿಸುವ ಲೇಖನವೊಂದರಲ್ಲಿ ಹೀಗೊಂದು ಪ್ಯಾರಾ ಇದೆ ಎಂದುಕೊಳ್ಳಿ: ‘ಬಸ್ಸಿನ ವೇಳಾಪಟ್ಟಿ ಬದಲಿಸುವುದು ಸುಲಭವಲ್ಲ, ಕೆಲಸಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೂ ತೊಂದರೆ. ಆದರೆ ತೂಕಡಿಸುವ ಮಕ್ಕಳ ಮುಂದೆ ಪಾಠ ಮಾಡಿದರೆ ಏನು ಬಂತು?’ ಎಡಗಡೆ ತುಂಬುವುದು ಯಾರಿಗೂ ಕಷ್ಟವಲ್ಲ. ಬಲಗಡೆ ಮುಕ್ಕಾಲು ಪಾಲು ಮಕ್ಕಳು ‘ಬಸ್ಸಿನ ಬಗ್ಗೆ ಹೇಳುತ್ತದೆ’ ಎಂದು ಬರೆದಿಡುತ್ತಾರೆ. ಅಂದರೆ ಎಡಗಡೆಯದೇ ಮತ್ತೊಮ್ಮೆ. ಬರಬೇಕಾದ ಉತ್ತರ: ‘ಎದುರುವಾದವನ್ನು ಒಪ್ಪಿಕೊಂಡು, ಅದಕ್ಕಿಂತ ದೊಡ್ಡ ಕಾರಣವನ್ನು ಮುಂದಿಡುತ್ತದೆ’. ಇದಕ್ಕೆ ಮದ್ದೂ ಇದೆ. ಬಲಗಡೆಯ ಉತ್ತರ ಇಂಥ ಕ್ರಿಯಾಪದದಲ್ಲೇ ಮುಗಿಯಬೇಕೆಂದು ಹತ್ತು ಪದಗಳ ಪಟ್ಟಿ ಕೊಟ್ಟುಬಿಡುವುದು: ಒಪ್ಪಿಕೊಳ್ಳುತ್ತದೆ, ಅಲ್ಲಗಳೆಯುತ್ತದೆ, ಹೋಲಿಸುತ್ತದೆ, ವಿವರಿಸುತ್ತದೆ, ಪುರಾವೆ ಕೊಡುತ್ತದೆ, ಎಚ್ಚರಿಸುತ್ತದೆ, ಹೀಗೆ. ಇದು ಕೈಗೆ ಹತ್ತಿದ ಮೇಲೆ ಅದೇ ಕೋಷ್ಟಕವನ್ನು ವಿದ್ಯಾರ್ಥಿಯ ಸ್ವಂತ ಕರಡಿನ ಮೇಲೆ ಇಡಬೇಕು. ಬಲಗಡೆಯಲ್ಲಿ ಏನೂ ಬರೆಯಲಾಗದ ಪ್ಯಾರಾ ಪ್ರಬಂಧಕ್ಕೆ ಬೇಡದ ಪ್ಯಾರಾ.

ಎಡವಟ್ಟಾಗುವುದು ಸಮಯದ ವಿಚಾರದಲ್ಲಿ. ಮಾಡ್ಯೂಲಿನಲ್ಲಿ ಚಟುವಟಿಕೆಗಳು ಧಾರಾಳವಾಗಿವೆ. ಆರಿಸಿಕೊಳ್ಳಲಿ ಎಂದೇ ಅಷ್ಟು ಕೊಟ್ಟಿದ್ದಾರೆ. ಒಂದನ್ನೂ ಬಿಡದೆ ಮಾಡಿಸಲು ಹೊರಟರೆ ಶೀರ್ಷಿಕೆ ನೋಡಿ ಊಹಿಸುವುದು, ಪದಗಳ ಪಟ್ಟಿ, ಗುಂಪು ಚರ್ಚೆ ಇಷ್ಟರಲ್ಲೇ ವಾರ ಕಳೆದು, ಲೇಖನ ಕೈಗೆ ಬರುವಾಗ ಮಕ್ಕಳಿಗೆ ಆ ವಿಷಯವೇ ಸಾಕಾಗಿರುತ್ತದೆ. ಕೊನೆಯಲ್ಲಿ ಕತ್ತರಿ ಬೀಳುವುದು ಪರಿಷ್ಕರಣೆಗೆ. ಆಮೇಲೆ ಅಲ್ಪವಿರಾಮ ತಿದ್ದಿದ್ದನ್ನೇ ಪರಿಷ್ಕರಣೆ ಎಂದು ಕರೆಯಬೇಕಾಗುತ್ತದೆ. ಓದುವ ಮುಂಚಿನದಕ್ಕೆ ಒಂದು ಪೀರಿಯಡ್ಡು, ಪರಿಷ್ಕರಣೆಗೆ ಕನಿಷ್ಠ ಎರಡು ಎಂದು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡ ಶಿಕ್ಷಕರ ಕ್ಲಾಸಿನಲ್ಲಿ ಇದೇ ಸಾಮಗ್ರಿ ಬೇರೆಯೇ ಫಲ ಕೊಡುತ್ತದೆ.

ಕೊರತೆಯೂ ಇದೆ. ಓದಬೇಕಾದ ಲೇಖನಗಳನ್ನು ಬಹುಮಟ್ಟಿಗೆ ಆರಿಸಿಯೇ ಕೊಟ್ಟಿರುತ್ತಾರೆ. ಲೈಬ್ರರಿಯ ಡೇಟಾಬೇಸಿನಲ್ಲಿ ಹುಡುಕಿ, ಇದು ನಂಬಬಹುದಾದದ್ದು, ಇದು ಅಲ್ಲ ಎಂದು ತಾನೇ ತೀರ್ಮಾನಿಸುವ ಅಭ್ಯಾಸ ಇದರಿಂದ ಬೇಕಾದಷ್ಟು ಸಿಗದು. ಆಕರಗಳನ್ನು ವಿದ್ಯಾರ್ಥಿಯೇ ಹುಡುಕಿ ಬರೆಯುವ ಒಂದು ಪ್ರಬಂಧವನ್ನಾದರೂ ಶಿಕ್ಷಕರು ಸೇರಿಸಿಕೊಳ್ಳಬೇಕು.

ಎಪಿ ಲ್ಯಾಂಗ್ವೇಜ್ (ಎಪಿಯ ಇಂಗ್ಲಿಷ್ ಭಾಷೆಯ ಕೋರ್ಸು) ಜತೆ ಹೋಲಿಸುವವರಿಗೆ ಒಂದು ಮಾತು. ಅಲ್ಲಿನ ಪರೀಕ್ಷೆಯಲ್ಲಿ ಮೂರು ಪ್ರಬಂಧಗಳನ್ನು 2 ಗಂಟೆ 15 ನಿಮಿಷದಲ್ಲಿ ಬರೆದು ಮುಗಿಸಬೇಕು. ಇಲ್ಲಿ ಒಂದೇ ಪ್ರಬಂಧ ದಿನಗಟ್ಟಲೆ ಬೆಳೆಯುತ್ತದೆ. ಕಾಲೇಜಿನ ಬರವಣಿಗೆ ಹೆಚ್ಚಾಗಿ ಈ ಎರಡನೇ ಬಗೆಯದು. ಆದರೆ ಎಪಿಯಲ್ಲಿ ಒಳ್ಳೆಯ ಅಂಕ ಬಂದರೆ ಕಾಲೇಜ್ ಕ್ರೆಡಿಟ್ ಸಿಗಬಹುದು, ಇಆರ್‌ಡಬ್ಲ್ಯೂಸಿಗೆ ಕ್ರೆಡಿಟ್ ಇಲ್ಲ.

ಇದರಿಂದ ಸಿಗುವ ಲಾಭ ಬೇರೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಹನ್ನೊಂದನೇ ತರಗತಿಗೆ ನಡೆಸುವ ಸ್ಮಾರ್ಟರ್ ಬ್ಯಾಲೆನ್ಸ್‌ಡ್ ಪರೀಕ್ಷೆಯ ಇಂಗ್ಲಿಷಿನಲ್ಲಿ ನಾಲ್ಕು ಮಟ್ಟಗಳಿವೆ. ನಾಲ್ಕನೆಯದು ಬಂದವರು ಸಿಎಸ್‌ಯುವಿನ ಕಾಲೇಜು ಇಂಗ್ಲಿಷಿಗೆ ಸಿದ್ಧರು ಎಂದೇ ಲೆಕ್ಕ. ಮೂರನೆಯದು ಬಂದವರು ಷರತ್ತಿನ ಮೇಲೆ ಸಿದ್ಧರು: ಕೊನೆಯ ವರ್ಷದಲ್ಲಿ ಇಆರ್‌ಡಬ್ಲ್ಯೂಸಿಯಂಥ ಮಾನ್ಯ ಇಂಗ್ಲಿಷ್ ಕೋರ್ಸು ಮಾಡಿ ‘ಸಿ’ ಅಥವಾ ಅದಕ್ಕಿಂತ ಮೇಲಿನ ಗ್ರೇಡು ತೆಗೆಯಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶಕ್ಕೆ ಕೇಳುವ ನಾಲ್ಕು ವರ್ಷದ ಇಂಗ್ಲಿಷಿನಲ್ಲೂ ಈ ಕೋರ್ಸು ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಗೆ ಸೇರಿದವರು ಎಂಟ್ರಿ ಲೆವೆಲ್ ರೈಟಿಂಗ್ ರಿಕ್ವೈರ್‌ಮೆಂಟ್ ಎಂಬ ಆರಂಭಿಕ ಬರವಣಿಗೆಯ ಅರ್ಹತೆಯನ್ನು ಪ್ರತ್ಯೇಕವಾಗಿಯೇ ಪೂರೈಸಬೇಕು. ಕೋರ್ಸುಗಳ ಪಟ್ಟಿಗೆ ಸಹಿ ಹಾಕುವ ಮುನ್ನ ಶಾಲೆಯ ಕೌನ್ಸೆಲರ್ ಹತ್ತಿರ ಇಷ್ಟನ್ನು ಕೇಳಿಕೊಳ್ಳಿ: ಪಾಠ ಮಾಡುವವರು ಇಆರ್‌ಡಬ್ಲ್ಯೂಸಿ ತರಬೇತಿ ಪಡೆದಿದ್ದಾರೆಯೇ, ಮತ್ತು ವರ್ಷದಲ್ಲಿ ಎಷ್ಟು ಪ್ರಬಂಧಗಳನ್ನು ಎರಡನೇ ಕರಡಿನವರೆಗೆ ಬರೆಸುತ್ತಾರೆ.